ತಕ್ದೀರ್‌ದಾಗ ಇಲ್ಲ ಬಿಡ್ರಿ

ಹುಲಸೂರಿನ ನಮ್ಮ ಓಣಿಯ ಹುಡುಗನೊಬ್ಬ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾದ. ಪರೀಕ್ಷೆ-2ಕ್ಕೆ ಫೀಸು ಕಟ್ಟಿಸಿ ಎಂದು ಹೇಳಲು ಅವರ ಮನೆಗೆ ಹೋಗಿದ್ದೆ. ತಂದೆ ಚಹಾ ತರಿಸಿ, "ಅವನ ತಕ್ದೀರ್‌ದಾಗ ಇಲ್ಲ ಬಿಡ್ರಿ ಸರ್. ಹೈದರಾಬಾದಿಗೆ ಕೆಲಸಕ್ಕ ಕಳಸ್ತೀನಿ" ಎಂದರು. ಹುಡುಗ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದ.

ಎಲ್ಲವೂ ದೇವೇಚ್ಛೆಯಂತೆಯೇ ನಡೆಯುವುದಾದರೆ ಮನುಷ್ಯನ ಪ್ರಯತ್ನಕ್ಕೇನು ಬೆಲೆ? ಮದ್ರಸದಲ್ಲಿ ಜಬ್ರಿಯ್ಯ, ಕದರಿಯ್ಯ ಪಂಗಡಗಳ ಬಗ್ಗೆ ಓದುವಾಗ ಇದು ನಮ್ಮವರದೇ ಜಗಳವೆಂದು ತಿಳಿದಿದ್ದೆ. ಬಿ.ಎ.ಗೆ ಯುರೋಪಿನ ಇತಿಹಾಸ ಓದಿದಾಗ, ಕ್ಯಾಥೊಲಿಕ್ ವಿದ್ವಾಂಸರೂ ಇದೇ ಪ್ರಶ್ನೆಯೊಂದಿಗೆ ಶತಮಾನಗಳ ಕಾಲ ಸೆಣಸಿದ್ದಾರೆಂದು ಗೊತ್ತಾಯಿತು.

ಮನುಷ್ಯ ಸ್ವಂತ ಬಲದಿಂದಲೇ ಒಳ್ಳೆಯವನಾಗಬಲ್ಲ ಎಂದ ಪೆಲಾಜಿಯಸ್. ದೇವರ ಅನುಗ್ರಹವಿಲ್ಲದೆ ಮನಸ್ಸು ಒಳಿತಿನತ್ತ ತಿರುಗುವುದೇ ಇಲ್ಲ ಎಂದ ಅಗಸ್ಟೀನ್. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪರು ಪೆಲಾಜಿಯಸನ ವಾದವನ್ನು ತಳ್ಳಿಹಾಕಿದರು. ಆದರೂ ಅನುಗ್ರಹ ಮತ್ತು ಸ್ವಾತಂತ್ರ್ಯ ಒಟ್ಟಿಗೆ ಇರುವುದು ಹೇಗೆಂಬ ತೊಡಕು ಉಳಿದೇ ಇತ್ತು. 1588ರಲ್ಲಿ ಲಿಸ್ಬನ್ನಿನಲ್ಲಿ ಪ್ರಕಟವಾದ ಗ್ರಂಥದಲ್ಲಿ ಮೊಲಿನಾ ಎಂಬ ಜೆಸ್ವಿಟ್ ಪಾದ್ರಿ, ಯಾವ ಸಂದರ್ಭದಲ್ಲಿ ಯಾರು ಸ್ವಇಚ್ಛೆಯಿಂದ ಏನನ್ನು ಆರಿಸುವರೆಂದು ದೇವರಿಗೆ ಮೊದಲೇ ಗೊತ್ತು, ಅನುಗ್ರಹವೂ ಆ ಅರಿವಿನಂತೆಯೇ ಸಿಗುತ್ತದೆ ಎಂದ. ಡೊಮಿನಿಕನ್ ಪಂಡಿತ ಬಾನ್ಯೆಸ್ ಒಪ್ಪಲಿಲ್ಲ. ಇಚ್ಛೆಯನ್ನು ಚಲಿಸುವುದೇ ಅನುಗ್ರಹ, ಅದು ಮನುಷ್ಯನ ಒಪ್ಪಿಗೆಗಾಗಿ ಕಾಯುವುದಿಲ್ಲ ಎಂಬುದು ಅವನ ಪಕ್ಷ. ರೋಮಿನಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ಕೊನೆಗೆ 1607ರಲ್ಲಿ ಪೋಪ್ ಐದನೆಯ ಪೌಲ್ ತೀರ್ಪು ಕೊಡದೆಯೇ ವಿಚಾರಣೆ ಮುಗಿಸಿ, ಒಬ್ಬರನ್ನೊಬ್ಬರು ಧರ್ಮಭ್ರಷ್ಟರೆಂದು ಕರೆಯಕೂಡದೆಂದು ಎರಡೂ ಕಡೆಯವರಿಗೆ ತಾಕೀತು ಮಾಡಿದರು. ತೀರ್ಪು ಇಂದಿಗೂ ಬಂದಿಲ್ಲ. ಮಾತೆತ್ತಿದರೆ ಫತ್ವಾ ಕೇಳುವ ನಮಗೆ ಇದು ವಿಚಿತ್ರವೆನಿಸಬಹುದು. ನನಗಂತೂ ಹಿಡಿಸಿತು.

ಆದರೆ ಆ ಇಬ್ಬರಲ್ಲಿ ಯಾರೂ ಕೈಕಟ್ಟಿ ಕುಳಿತುಕೊಳ್ಳಿರೆಂದು ಹೇಳಲಿಲ್ಲ. ನಮ್ಮ ಅಶ್‌ಅರಿ ವಿದ್ವಾಂಸರೂ ಅಷ್ಟೇ, ಕರ್ಮದ ಸೃಷ್ಟಿ ಅಲ್ಲಾಹನದು, ಗಳಿಕೆ ಮನುಷ್ಯನದು ಎಂದು ಹೊಣೆಯನ್ನು ಅವನ ಮೇಲೆಯೇ ಇಟ್ಟರು.

ಇಷ್ಟೆಲ್ಲ ಆ ತಂದೆಗೆ ಹೇಳಲಾಗುತ್ತದೆಯೇ? ಖಲೀಫ ಉಮರ್(ರ)ರ ಘಟನೆಯೊಂದನ್ನು ಮಾತ್ರ ಹೇಳಿದೆ. ಅವರು ಶಾಮ್ ದೇಶಕ್ಕೆ ಹೊರಟಾಗ ಅಲ್ಲಿ ಪ್ಲೇಗ್ ಹಬ್ಬಿದ ಸುದ್ದಿ ಬಂತು. ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ ಎಂದು ಅಬೂ ಉಬೈದಾ(ರ) ಕೇಳಿದಾಗ, ಹೌದು, ಅವನದೇ ಇನ್ನೊಂದು ವಿಧಿಯ ಕಡೆಗೆ ಎಂದು ಉತ್ತರಿಸಿದರು.

"ಫೇಲಾಗಿದ್ದು ತಕ್ದೀರ್ ಅಂತೀರಿ. ಇನ್ನೊಂದು ಪರೀಕ್ಷೆ ಇರೋದು ಯಾರ ತಕ್ದೀರ್?" ಎಂದೆ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಚಹಾ ಆರಿಹೋಗಿತ್ತು.

"ಫೀಸು ಎಷ್ಟಾಗ್ತದ್ರಿ ಸರ್?" ಎಂದರು.