ಕಡಲ ಮರಳಿನಲ್ಲಿ ಕಳೆದ ಒಡವೆ

ಸಮುದ್ರಸ್ನಾನಕ್ಕೆ ಹೋದವರು ಪಾಪವನ್ನು ಕಳೆದುಕೊಂಡು ಬರುವರೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಪಾಪವು ಹೋಯಿತೋ ಇಲ್ಲವೋ ಎಂಬುದನ್ನು ಅಳೆಯುವ ಸಾಧನ ನಮ್ಮಲ್ಲಿಲ್ಲ. ಉಂಗುರವು ಹೋದುದು ಮಾತ್ರ ಬೆರಳನ್ನು ನೋಡಿಕೊಂಡೊಡನೆಯೇ ತಿಳಿಯುತ್ತದೆ. ಕೆಲವು ವರ್ಷಗಳ ಹಿಂದೆ ಪಿತೃಕಾರ್ಯದ ನಿಮಿತ್ತ ನಾವು ಪಶ್ಚಿಮ ಸಮುದ್ರದ ತೀರದ ಒಂದು ಕ್ಷೇತ್ರಕ್ಕೆ ಹೋಗಿದ್ದಾಗ, ನಮ್ಮ ತಂದೆಯವರ ಕಾಲದಿಂದ ಮನೆಯಲ್ಲಿದ್ದ ಪವಿತ್ರದುಂಗುರವು ಒಂದೇ ಅಲೆಗೆ ಬೆರಳಿನಿಂದ ಜಾರಿಹೋಯಿತು. ಅರ್ಧ ತೊಲದ ಬಂಗಾರ. ಈಗಿನ ಬೆಲೆಯಲ್ಲಿ ಅದೇನೂ ಅಲ್ಪವಲ್ಲವಾದರೂ, ನಾವು ಸೊಂಟದ ಮಟ್ಟದ ನೀರಿನಲ್ಲಿ ನಿಂತು ಹುಚ್ಚನಂತೆ ಮರಳನ್ನು ಬಾಚಿದುದು ಬಂಗಾರಕ್ಕಾಗಿ ಅಲ್ಲವೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನೆರೆದ ಜನರು ತಲೆಗೊಂದು ಉಪಾಯ ಹೇಳಿದರು. ಹತ್ತು ಮಂದಿ ಹುಡುಗರು ನೀರಿಗಿಳಿದು ತುಳಿದಾಡಿದರು. ತುಳಿದಷ್ಟೂ ಉಂಗುರವು ಕೆಳಗಿಳಿಯುವುದೆಂಬ ಜ್ಞಾನ ಆಗ ನಮಗೂ ಇರಲಿಲ್ಲ. ಅನಂತರ ಸರ್ಕಾರದ ಒಂದು ಕಚೇರಿಗೆ ಹೋಗಿ ವಿಷಯವನ್ನು ಬರೆದುಕೊಳ್ಳಬೇಕೆಂದು ಕೇಳಿಕೊಂಡೆವು. ಅಲ್ಲಿನ ಅಧಿಕಾರಿಯು ಖರೀದಿಯ ರಸೀದಿಯನ್ನು ತೋರಿಸಿರೆಂದನು! ಊರಿನ ಅಕ್ಕಸಾಲೆಯು ನಮ್ಮ ಅಜ್ಜನ ಎದುರಿಗೆ ಕುಳಿತು ಕುಟ್ಟಿ ಮಾಡಿದ ಉಂಗುರಕ್ಕೆ ರಸೀದಿ ಎಲ್ಲಿಂದ ಬರಬೇಕು? ಕಳುವಾಗಿದ್ದರೆ ಒಂದು ಪುಸ್ತಕ ಉಂಟು, ಕಳೆದುಹೋದುದಕ್ಕೆ ಇಲ್ಲ ಎಂಬ ಉತ್ತರವನ್ನು ಪಡೆದು ಹಿಂದಿರುಗಿದೆವು. ಆ ಅಧಿಕಾರಿಯ ಮೇಲೆ ನಮಗೆ ದ್ವೇಷವಿಲ್ಲ. ಅವನು ತನ್ನ ಮೇಜಿನ ಮೇಲಿದ್ದ ಪುಸ್ತಕಗಳನ್ನೇ ನಂಬಿದನು. ಆದರೆ ಅಂದಿನಿಂದ ನಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿದುಕೊಂಡಿದೆ. ವರ್ಷವೆಲ್ಲ ಲಕ್ಷಾಂತರ ಜನರು ಸ್ನಾನಕ್ಕೂ ವಿಹಾರಕ್ಕೂ ಬರುವ ನಮ್ಮ ಕಡಲತೀರಗಳಲ್ಲಿ ಕಳೆದುದನ್ನು ಹುಡುಕಿಕೊಡುವ, ಸಿಕ್ಕಿದುದನ್ನು ಒಪ್ಪಿಸುವ ಒಂದು ಕ್ರಮವು ಏಕಿಲ್ಲ?

ಹುಡುಕುವ ಸಾಧನವಿಲ್ಲವೆಂದು ಹೇಳುವಂತಿಲ್ಲ. ಲೋಹಶೋಧಕ ಯಂತ್ರವನ್ನು, ಎಂದರೆ ಮೆಟಲ್ ಡಿಟೆಕ್ಟರನ್ನು, ವಿಮಾನ ನಿಲ್ದಾಣಗಳಲ್ಲಿಯೂ ದೊಡ್ಡ ದೇವಾಲಯಗಳ ದ್ವಾರದಲ್ಲಿಯೂ ನಮ್ಮ ವಾಚಕರೆಲ್ಲರೂ ಕಂಡಿದ್ದಾರೆ. ಅದೇ ತತ್ತ್ವದ ಯಂತ್ರವನ್ನು ಕೋಲಿನ ತುದಿಗೆ ತಟ್ಟೆಯಂತೆ ಕಟ್ಟಿಕೊಂಡು ಮರಳಿನ ಮೇಲೆ ಆಡಿಸುತ್ತ ನಡೆಯುವವರು ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಗಳ ತೀರಗಳಲ್ಲಿ ನಿತ್ಯವೂ ಕಾಣಸಿಗುತ್ತಾರೆ. ತಟ್ಟೆಯೊಳಗಿನ ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹರಿದು ಕಾಂತಕ್ಷೇತ್ರವು ಏಳುತ್ತದೆ. ಅದು ಏರಿಳಿದಾಗ ಕೆಳಗಿರುವ ಲೋಹದಲ್ಲಿ ಸಣ್ಣ ವಿದ್ಯುತ್ಪ್ರವಾಹವು ಹುಟ್ಟುತ್ತದೆ. ಆ ಪ್ರವಾಹದ ಪ್ರತಿಕ್ಷೇತ್ರವನ್ನು ಯಂತ್ರವು ಗ್ರಹಿಸಿ ಕಿವಿಗೆ ಸದ್ದಾಗಿ ಒಪ್ಪಿಸುತ್ತದೆ. 1831ರಲ್ಲಿ ಫ್ಯಾರಡೆ ಮಹಾಶಯನು ಕಂಡ ತತ್ತ್ವದ ಮೊಮ್ಮಗು ಇದು. 1881ರಲ್ಲಿ ಗುಂಡಿನೇಟು ತಿಂದು ಮಲಗಿದ್ದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡನ ದೇಹದಲ್ಲಿ ಗುಂಡು ಎಲ್ಲಿದೆಯೆಂದು ಹುಡುಕಲು, ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನು ಇಂಥದೊಂದು ಯಂತ್ರವನ್ನು ಕಟ್ಟಿಕೊಂಡು ಹೋದನು. ಗುಂಡು ಸಿಕ್ಕಲಿಲ್ಲ. ಹಾಸಿಗೆಯ ಉಕ್ಕಿನ ಸ್ಪ್ರಿಂಗುಗಳು ಯಂತ್ರವನ್ನು ದಾರಿತಪ್ಪಿಸಿದುವೆಂದೂ, ವೈದ್ಯರು ಬಲಮಗ್ಗುಲಲ್ಲಿ ಮಾತ್ರ ಹುಡುಕಗೊಟ್ಟರೆಂದೂ ಹೇಳುತ್ತಾರೆ. ಎಡಮಗ್ಗುಲಲ್ಲಿದ್ದುದನ್ನು ಬಲಮಗ್ಗುಲಲ್ಲಿ ಹುಡುಕುವ ಅಧಿಕಾರಿಗಳು ಆ ದೇಶದಲ್ಲಿಯೂ ಉಂಟೆಂದು ನಮಗೆ ಸಮಾಧಾನ. ಎರಡನೆಯ ಮಹಾಯುದ್ಧದಲ್ಲಿ ನೆಲದೊಳಗಿನ ಸಿಡಿಗುಂಡುಗಳನ್ನು ಪತ್ತೆಮಾಡುವ ಕೆಲಸಕ್ಕೆ ಇದೇ ಯಂತ್ರವು ಸುಧಾರಿಸಿ ಬಂದಿತು. ಯುದ್ಧವು ತೀರಿದ ಮೇಲೆ ಜನಸಾಮಾನ್ಯರ ಕೈಸೇರಿತು.

ಕಡಲತೀರವು ಈ ಯಂತ್ರಕ್ಕೆ ಸುಲಭವಾದ ನೆಲವಲ್ಲ. ಉಪ್ಪುನೀರು ತಾನೇ ವಿದ್ಯುತ್ತನ್ನು ಹರಿಯಗೊಡುವುದರಿಂದ ಒದ್ದೆ ಮರಳೆಲ್ಲವೂ ಲೋಹದಂತೆ ಕೂಗುತ್ತದೆ. ಇದಕ್ಕೆ ಬೇರೆ ಬಗೆಯ ಯಂತ್ರವುಂಟು: ಅದು ಕ್ಷಣಮಾತ್ರ ವಿದ್ಯುತ್ತನ್ನು ಬಿಟ್ಟು, ತಟ್ಟನೆ ನಿಲ್ಲಿಸಿ, ಪ್ರತಿಧ್ವನಿಯನ್ನು ಆಲಿಸುತ್ತದೆ. ಉಪ್ಪುನೀರಿನ ಸದ್ದು ಬೇಗನೆ ಅಡಗುತ್ತದೆ, ಲೋಹದ್ದು ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತದೆ. ಆ ಅಂತರದಲ್ಲಿಯೇ ಉಂಗುರದ ಗುಟ್ಟು. ಆದರೂ ಸುಮಾರು ಗೇಣುದ್ದದ, ಬಹಳವಾದರೆ ಅದಕ್ಕಿಂತ ಸ್ವಲ್ಪ ಹೆಚ್ಚಿನ ಆಳದವರೆಗೆ ಮಾತ್ರವೇ ಸಣ್ಣ ಒಡವೆಯು ಕೇಳಿಸುವುದು. ಬಂಗಾರದುಂಗುರದ ಸದ್ದೂ ಪಾನೀಯದ ಡಬ್ಬಿಯ ಅಲ್ಯುಮಿನಿಯಂ ಕೊಂಡಿಯ ಸದ್ದೂ ಬಹುಮಟ್ಟಿಗೆ ಒಂದೇ ಆಗಿರುವುದರಿಂದ, ಉಂಗುರ ಬೇಕಾದವನು ಎಲ್ಲ ಕಸವನ್ನೂ ಅಗೆಯಲೇಬೇಕು. ನಮ್ಮ ಸ್ತ್ರೀಯರ ಸೂಕ್ಷ್ಮವಾದ ಸರಗಳಂತೂ ಯಂತ್ರಕ್ಕೆ ಬಲು ಕಠಿನ: ಕೊಂಡಿ ಕೊಂಡಿಯೂ ಬೇರೆಯಾದುದರಿಂದ ಇಡೀ ಸರವು ಒಂದು ಲೋಹಖಂಡವಾಗಿ ಉತ್ತರ ಕೊಡುವುದಿಲ್ಲ. ಮಂಗಳಸೂತ್ರವನ್ನು ಕಡಲಿಗೆ ಕೊಂಡೊಯ್ಯುವವರು ಯಂತ್ರವನ್ನು ನಂಬುವುದಕ್ಕಿಂತ ಸೆರಗಿನ ಗಂಟನ್ನು ನಂಬುವುದು ಲೇಸು.

ಉಂಗುರವು ಏಕೆ ಕಳೆಯುತ್ತದೆ, ಎಲ್ಲಿ ಹೋಗುತ್ತದೆ ಎಂಬುದನ್ನೂ ತಿಳಿಯತಕ್ಕದ್ದು. ತಂಪಿಗೆ ಬೆರಳು ಸಣ್ಣದಾಗುತ್ತದೆ, ಜಿಡ್ಡಿದ್ದರೆ ಜಾರುತ್ತದೆ. ಶುದ್ಧ ಬಂಗಾರವು ನೀರಿಗಿಂತ 19.3 ಪಟ್ಟು ಭಾರವಾದರೆ, ಮರಳಿನ ಕಣವು ಸುಮಾರು 2.65 ಪಟ್ಟು ಮಾತ್ರ. ಆದುದರಿಂದ ಅಲೆಯು ಮರಳನ್ನು ಕಲಕಿದಾಗಲೆಲ್ಲ ಮರಳು ತೇಲಿ ಆಚೀಚೆ ಹೋಗುತ್ತದೆ, ಉಂಗುರವು ಇದ್ದಲ್ಲೇ ಕೆಳಗಿಳಿಯುತ್ತದೆ. ಗಟ್ಟಿಯಾದ ಪದರವು ಸಿಕ್ಕುವವರೆಗೆ ಇಳಿದು ಅಲ್ಲಿ ಕೂರುತ್ತದೆ. ದೂರ ಕೊಚ್ಚಿಹೋಯಿತೆಂದು ನಾವು ಅಳುತ್ತಿರುವಾಗ ಅದು ಬಹುಶಃ ನಮ್ಮ ಪಾದದಡಿಯಲ್ಲಿಯೇ ಇರುತ್ತದೆ. ಕಳೆದವನು ಮಾಡಬೇಕಾದ ಮೊದಲ ಕೆಲಸವೆಂದರೆ ಅಲ್ಲಿಯೇ ನಿಂತು, ದಡದ ಮೇಲಿನ ಎರಡು ಗುರುತುಗಳನ್ನು, ಒಂದು ತೆಂಗಿನಮರ ಒಂದು ಕಟ್ಟಡ ಎಂಬಂತೆ, ನೋಡಿಟ್ಟುಕೊಂಡು, ಗಡಿಯಾರದ ವೇಳೆಯನ್ನು ಬರೆದುಕೊಂಡು, ಮಿಕ್ಕವರು ತುಳಿಯದಂತೆ ತಡೆಯುವುದು. ಇಳಿತದ ವೇಳೆಗೆ ಅದೇ ಸ್ಥಳವು ಬರಿದಾಗಬಹುದು. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಏರಿತದಂತೆ ಇಳಿತವೂ ಹೆಚ್ಚು. ಪರ್ವಸ್ನಾನಗಳು ಬರುವುದೂ ಆ ದಿನಗಳಲ್ಲಿಯೇ ಎಂಬುದು ನಮ್ಮ ಸುದೈವ. ಮುಂಗಾರು ಹಿಡಿದರೆ ಮಾತ್ರ ಆಸೆಯು ಕ್ಷೀಣ. ನಮ್ಮ ತೀರದ ಮರಳನ್ನು ಮಳೆಗಾಲದ ಅಲೆಗಳು ಎಳೆದೊಯ್ದು, ಮಳೆ ನಿಂತ ಮೇಲೆ ಮರಳಿ ತಂದು ಹಾಕುತ್ತವೆ. ಈ ಕೊಡುಕೊಳ್ಳುವಿಕೆಯಲ್ಲಿ ಹಳೆಯ ಒಡವೆಗಳು ಎಲ್ಲೋ ಮುಳುಗಿ ಎಲ್ಲೋ ಏಳುತ್ತವೆ.

ಸಾಧನದ ಮಾತು ಇಷ್ಟು ಸಾಕು. ನಮ್ಮ ಮುಖ್ಯ ವಿಷಯವು ಸಿಕ್ಕಿದವನ ಧರ್ಮವನ್ನು ಕುರಿತದ್ದು. ಕಾಳಿದಾಸನ ಶಾಕುಂತಲವನ್ನು, ಮೂಲದಲ್ಲಿಯಾಗಲಿ ಬಸವಪ್ಪ ಶಾಸ್ತ್ರಿಗಳ ಕನ್ನಡದಲ್ಲಿಯಾಗಲಿ, ಓದಿದವರು ಬೆಸ್ತನ ಪ್ರಸಂಗವನ್ನು ಮರೆಯಲಾರರು. ತೀರ್ಥದಲ್ಲಿ ಶಕುಂತಲೆಯ ಬೆರಳಿನಿಂದ ಜಾರಿದ ರಾಜಮುದ್ರಿಕೆಯು ಮೀನಿನ ಹೊಟ್ಟೆಯಲ್ಲಿ ಆ ಬಡವನಿಗೆ ದೊರೆಯುತ್ತದೆ. ಮಾರಲು ಬಂದವನನ್ನು ರಕ್ಷಕರು ಕಟ್ಟಿ, ಹೊಡೆದು, ಕಳ್ಳನೆಂದು ನಿಶ್ಚಯಿಸಿ, ಕೊಲ್ಲುವ ಉತ್ಸಾಹದಲ್ಲಿಯೇ ಕರೆತರುತ್ತಾರೆ. ರಾಜನು ಉಂಗುರದ ಬೆಲೆಯಷ್ಟು ಧನವನ್ನು ಅವನಿಗೆ ಕೊಡಿಸಿದೊಡನೆ ಅದೇ ರಕ್ಷಕರಿಗೆ ಅವನಲ್ಲಿ ಮೈತ್ರಿಯುಂಟಾಗುತ್ತದೆ. ಅರ್ಧವು ಅವರ ಪಾಲಿಗೆ ಹೋಗುತ್ತದೆ. ಇಷ್ಟು ಶತಮಾನಗಳು ಕಳೆದರೂ ಈ ದೃಶ್ಯವನ್ನು ಓದಿ ನಗುವಾಗ ನಮ್ಮ ನಗೆಯು ಸ್ವಲ್ಪ ಕಹಿಯಾಗುತ್ತದೆ. ಇಂದು ಮಲ್ಪೆಯಲ್ಲಿಯೋ ಕಾರವಾರದಲ್ಲಿಯೋ ಬಲೆಯೊಡನೆ ಬಂಗಾರದ ಬಳೆಯೊಂದು ಬಂದರೆ, ಅದನ್ನು ಹಿಡಿದುಕೊಂಡು ಠಾಣೆಯ ಮೆಟ್ಟಿಲನ್ನು ಹತ್ತುವ ಧೈರ್ಯ ಎಷ್ಟು ಮಂದಿ ಬಡವರಿಗೆ ಇದ್ದೀತು?

ಕಾಯಿದೆಯು ಅಂಥವನಿಗೆ ವಿರೋಧವಾಗಿಲ್ಲ. 1872ರ ಕರಾರು ಕಾಯಿದೆಯ 71ನೆಯ ಕಲಮಿನಂತೆ ವಸ್ತು ಸಿಕ್ಕಿದವನು ಅದನ್ನು ಒಪ್ಪಿಸಿಕೊಂಡು ಕಾಯುವವನಿಗೆ ಸಮಾನನು. 168ನೆಯದರಂತೆ, ಅದನ್ನು ಕಾಪಾಡಲೂ ಒಡೆಯನನ್ನು ಹುಡುಕಲೂ ತಾನು ಪಟ್ಟ ಶ್ರಮ ಮತ್ತು ವೆಚ್ಚವು ಸಲ್ಲುವವರೆಗೆ ವಸ್ತುವನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಅವನಿಗುಂಟು. ಒಡೆಯನು ಇಷ್ಟು ಬಹುಮಾನವೆಂದು ಸಾರಿದ್ದರೆ ಅದಕ್ಕಾಗಿ ದಾವೆಯನ್ನೇ ಹೂಡಬಹುದು. ಇನ್ನೊಂದು ಕಡೆ ಎಚ್ಚರಿಕೆಯೂ ಉಂಟು. 1860ರ ದಂಡಸಂಹಿತೆಯ 403ನೆಯ ಕಲಮು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 314ನೆಯ ಕಲಮಾಗಿರುವುದು, ಬೆಲೆಬಾಳುವ ಉಂಗುರವೇ ಸಿಕ್ಕಿದ ಉದಾಹರಣೆಯನ್ನು ಹೇಳಿ, ಒಡೆಯನನ್ನು ಹುಡುಕಲು ಯತ್ನಿಸದೆ ಕೂಡಲೆ ಮಾರುವವನನ್ನು ಅಪರಾಧಿಯೆನ್ನುತ್ತದೆ. ಹಾದಿಯಲ್ಲಿ ಬಿದ್ದ ಒಂದು ರೂಪಾಯಿಯನ್ನು ಎತ್ತಿಕೊಂಡವನು ಅಪರಾಧಿಯಲ್ಲ. ಎತ್ತಿಕೊಂಡುದು ತಪ್ಪಲ್ಲ, ಹುಡುಕದೆ ನುಂಗಿದುದು ತಪ್ಪು ಎಂಬ ವಿವೇಕವು ಇದರಲ್ಲಿದೆ. ನಮ್ಮ ಮನುಸ್ಮೃತಿಯು ಒಡೆಯ ಕಾಣದ ವಸ್ತುವನ್ನು ರಾಜನು ಮೂರು ವರ್ಷ ಕಾಯಬೇಕೆಂದೂ, ನನ್ನದೆಂದು ಬಂದವನು ಅದರ ರೂಪ, ಸಂಖ್ಯೆ ಮೊದಲಾದುವನ್ನು ಸರಿಯಾಗಿ ಹೇಳಬೇಕೆಂದೂ ವಿಧಿಸಿದೆ. ರಸೀದಿಯನ್ನು ಕೇಳಿಲ್ಲವೆಂಬುದನ್ನು ಗಮನಿಸತಕ್ಕದ್ದು!

ಇಂಗ್ಲೆಂಡಿನಲ್ಲಿ 1722ರಲ್ಲಿ ನಡೆದ ಒಂದು ವ್ಯಾಜ್ಯವನ್ನು ವಕೀಲರೆಲ್ಲರೂ ಓದಿರುತ್ತಾರೆ. ಹೊಗೆಗೂಡನ್ನು ಗುಡಿಸುವ ಹುಡುಗನೊಬ್ಬನಿಗೆ ಒಂದು ರತ್ನಾಭರಣವು ಸಿಕ್ಕಿತು. ಬೆಲೆ ಕೇಳಲು ಅಕ್ಕಸಾಲೆಯ ಅಂಗಡಿಗೆ ಕೊಂಡುಹೋದಾಗ, ಅಲ್ಲಿನ ಕೆಲಸದವನು ತೂಗುವ ನೆಪದಲ್ಲಿ ಹರಳುಗಳನ್ನು ಕಿತ್ತುಕೊಂಡು ಬರಿಯ ಚೌಕಟ್ಟನ್ನು ಹಿಂದಕ್ಕೆ ಕೊಟ್ಟನು. ನಿಜವಾದ ಒಡೆಯನೊಬ್ಬನನ್ನುಳಿದು ಜಗತ್ತಿನ ಮಿಕ್ಕ ಎಲ್ಲರಿಗಿಂತ ಸಿಕ್ಕಿದವನ ಹಕ್ಕೇ ಮೇಲೆಂದು ನ್ಯಾಯಾಧೀಶರು ತೀರ್ಮಾನಿಸಿದರು. ಹರಳುಗಳನ್ನು ತೋರಿಸದಿದ್ದರೆ ಅವು ಅತ್ಯುತ್ತಮ ಜಾತಿಯವೆಂದೇ ಭಾವಿಸಿ ಬೆಲೆ ಕಟ್ಟಿರೆಂದು ಪಂಚರಿಗೆ ಅಪ್ಪಣೆಯಾಯಿತು. ಮಸಿ ಮೆತ್ತಿದ ಹುಡುಗನ ಮಾತು ಅಂಗಡಿಯ ಯಜಮಾನನ ಮಾತಿಗಿಂತ ಹೆಚ್ಚು ತೂಗಿದ ಆ ದಿನವು ನಮಗೆ ಬಹಳ ಪ್ರಿಯವಾದುದು. ಆ ದೇಶದಲ್ಲಿ ಯಂತ್ರದವರಿಗೆ ಕಟ್ಟುಪಾಡುಗಳೂ ಉಂಟು: 300 ವರ್ಷಕ್ಕೆ ಮೀರಿದ ಬೆಳ್ಳಿಬಂಗಾರಗಳು ಸಿಕ್ಕಿದರೆ 1996ರ ನಿಧಿ ಕಾಯಿದೆಯಂತೆ 14 ದಿನಗಳೊಳಗೆ ತಿಳಿಸಬೇಕು, ಒಡೆದ ಹಡಗಿನ ಸಾಮಾನಾದರೆ ಅದಕ್ಕೆ ಬೇರೆ ಅಧಿಕಾರಿಯು 28 ದಿನಗಳ ಗಡುವಿನೊಡನೆ ಇದ್ದಾನೆ. ನಿನ್ನೆ ಕಳೆದ ಮದುವೆಯುಂಗುರವು ಯಾವ ಕಾಯಿದೆಯಿಂದಲೂ ಪರರದಾಗುವುದಿಲ್ಲ. ಕೆನಡಾದ ವ್ಯಾಂಕೂವರಿನಲ್ಲಿ ಹುಟ್ಟಿದ ‘ದಿ ರಿಂಗ್ ಫೈಂಡರ್ಸ್’ ಎಂಬ ಕೂಟದವರು, ಕಳೆದವರು ಕರೆದರೆ ಯಂತ್ರವನ್ನು ಹೊತ್ತು ಬರುತ್ತಾರೆ. ಅನೇಕರು ಸಿಕ್ಕಿದರೆ ಮಾತ್ರ ಬಹುಮಾನವನ್ನು ಸ್ವೀಕರಿಸುವವರು.

ನಮ್ಮಲ್ಲಿ ಇಂಥ ಕೌಶಲವು ಇಲ್ಲದೆ ಇಲ್ಲ. ಅಕ್ಕಸಾಲೆಯ ಅಂಗಡಿಯ ಮುಂದಿನ ಧೂಳನ್ನು ತೊಳೆದು ಬಂಗಾರದ ಕಣವನ್ನು ಹೆಕ್ಕುವ ಜಲಗಾರನ ಕಣ್ಣು ಯಾವ ಯಂತ್ರಕ್ಕೂ ಕಡಿಮೆಯದಲ್ಲ. ಕಡಲತೀರದ ಬಡ ಹುಡುಗರು ಜಾತ್ರೆಯ ಮರುದಿನ ಮರಳನ್ನು ಜಾಲಾಡಿ ನಾಣ್ಯ ಸಂಗ್ರಹಿಸುವುದನ್ನು ನಾವೇ ಕಂಡಿದ್ದೇವೆ. ಅವರ ಕೈಗೆ ಯಂತ್ರವನ್ನೂ, ಎದೆಗೆ ಒಂದು ಬಿಲ್ಲೆಯನ್ನೂ ಏಕೆ ಕೊಡಬಾರದು? ದೊಡ್ಡ ತೀರಗಳಲ್ಲಿ ಜೀವರಕ್ಷಕರು ಹೇಗೂ ಇರುತ್ತಾರೆ. ಅವರ ಗುಡಿಸಲಿನಲ್ಲಿಯೇ ಒಂದು ದಾಖಲೆಯ ಪುಸ್ತಕವನ್ನಿಟ್ಟು, ಕಳೆದವನ ವಿವರವನ್ನು ಒಂದು ಪುಟದಲ್ಲಿ, ಸಿಕ್ಕಿದವನ ವಿವರವನ್ನು ಎದುರು ಪುಟದಲ್ಲಿ ಬರೆಯತಕ್ಕದ್ದು; ಸಿಕ್ಕಿದವನಿಗೆ ಕೂಡಲೆ ರಸೀದಿಯನ್ನು ಕೊಡತಕ್ಕದ್ದು. ರಸೀದಿಯು ಬೇಕಾದುದು ಅಲ್ಲಿ! ಒಡೆಯನು ಬಂದರೆ ಬಹುಮಾನದ ಪ್ರಮಾಣವು ಮೊದಲೇ ಗೊತ್ತಾಗಿರಬೇಕು. ಬಾರದಿದ್ದರೆ ಅವಧಿಯು ಮುಗಿದ ಮೇಲೆ ಅದು ಒಪ್ಪಿಸಿದವನಿಗೇ ಸೇರಬೇಕು. ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವು ಇದನ್ನೇ ಎತ್ತಿಹಿಡಿಯಿತು. ವಿಮಾನ ನಿಲ್ದಾಣದಲ್ಲಿ ಸಿಕ್ಕಿದ ಬಂಗಾರದ ಕಡಗವನ್ನು ಪ್ರಯಾಣಿಕನೊಬ್ಬನು ವಿಮಾನ ಸಂಸ್ಥೆಗೆ ಒಪ್ಪಿಸಿ, ಒಡೆಯನು ಬಾರದಿದ್ದರೆ ತನಗೆ ಕೊಡಿರೆಂದು ಹೇಳಿಹೋಗಿದ್ದನು. ಸಂಸ್ಥೆಯು ಅದನ್ನು 850 ಪೌಂಡಿಗೆ ಮಾರಿ ಹಣವನ್ನು ಇಟ್ಟುಕೊಂಡಿತ್ತು. ಹಣವು ಪ್ರಯಾಣಿಕನದೇ ಎಂದು ತೀರ್ಪಾಯಿತು. ಒಪ್ಪಿಸಿದವನು ಮೂರ್ಖನಾಗುವ ರಾಜ್ಯದಲ್ಲಿ ಯಾರೂ ಎರಡನೆಯ ಸಲ ಒಪ್ಪಿಸುವುದಿಲ್ಲ.

ಒಂದು ಆಕ್ಷೇಪಣೆಯನ್ನು ನಾವೇ ಎತ್ತಿಕೊಳ್ಳುತ್ತೇವೆ. ನಿಧಿಯಾಸೆಯಿಂದ ಹಳೆಯ ಗುಡಿಗಳ ಗರ್ಭವನ್ನು ಅಗೆಯುವ ದುಷ್ಟರು ನಮ್ಮ ನಾಡಿನಲ್ಲಿ ಕಡಿಮೆಯಿಲ್ಲ. ಯಂತ್ರವು ಅವರ ಕೈಸೇರಿದರೆ ವೀರಗಲ್ಲಿನ ಬುಡವೂ ಉಳಿಯದೆಂಬ ಭಯವು ನ್ಯಾಯವಾದುದು. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯನ್ನೂ 1972ರ ಪುರಾತನ ವಸ್ತುಗಳ ಕಾಯಿದೆಯನ್ನೂ ಇಂಥವರ ಮೇಲೆ ಕಠಿನವಾಗಿ ನಡೆಯಿಸಲಿ. ಆದರೆ ಅಲೆಯು ದಿನಕ್ಕೆರಡು ಬಾರಿ ತೊಳೆಯುವ ಮರಳಿನಲ್ಲಿ ಕೆಡುವಂಥ ಇತಿಹಾಸದ ಪದರವು ಸಾಮಾನ್ಯವಾಗಿ ಇರುವುದಿಲ್ಲ. ತೀರಕ್ಕೆ ಅಪ್ಪಣೆ, ಒಳನಾಡಿನ ಪ್ರಾಚೀನ ಸ್ಥಳಗಳಿಗೆ ನಿಷೇಧ ಎಂಬ ಗೆರೆಯನ್ನು ಎಳೆಯುವುದು ಕಷ್ಟವಲ್ಲ. ಉಂಗುರವನ್ನು ಹುಡುಕುವವನು ಅಗೆಯುವ ಮೊಳೆ, ಗಾಳ, ತಗಡುಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಹೋಗಬೇಕೆಂದು ಅಪ್ಪಣೆಯಲ್ಲಿಯೇ ಬರೆದರೆ, ಬರಿಗಾಲಿನ ಮಕ್ಕಳಿಗೂ ಉಪಕಾರ.

ಜಿಲ್ಲೆಯ ಅಧಿಕಾರಿಗಳಲ್ಲಿ ಈ ಪತ್ರಿಕೆಯನ್ನು ಓದುವವರು ಇದ್ದಾರೆಂದು ಬಲ್ಲೆವು. ಬರುವ ಶಿವರಾತ್ರಿಯ ಜನಸಂದಣಿಗೆ ಮೊದಲು ಒಂದೇ ಒಂದು ತೀರದಲ್ಲಿ, ಎರಡು ಯಂತ್ರ, ಒಂದು ಪುಸ್ತಕ, ಒಬ್ಬ ಗುಮಾಸ್ತ, ಇಷ್ಟರಿಂದ ಅವರು ಪರೀಕ್ಷೆ ಮಾಡಿನೋಡಲಿ. ವೆಚ್ಚವು ಒಂದು ಸ್ವಾಗತಕಮಾನಿನ ವೆಚ್ಚವನ್ನು ಮೀರದು.

ನಮ್ಮ ಉಂಗುರದ ವಿಷಯವೂ ಬಾಕಿಯಿದೆ. ಅದು ಯಾರಿಗಾದರೂ ದೊರೆತಿದ್ದರೆ ನಮ್ಮ ಕಾರ್ಯಾಲಯಕ್ಕೆ ತಿಳಿಸಬೇಕೆಂದು ಬೇಡುತ್ತೇವೆ. ಯಾವ ತೀರ, ಯಾವ ತಿಥಿ, ಒಳಬದಿಯಲ್ಲಿ ಏನು ಕೆತ್ತಿದೆ ಎಂಬುದನ್ನು ಇಲ್ಲಿ ಬರೆದಿಲ್ಲ. ಅದನ್ನು ಹೇಳಬೇಕಾದವರು ನಾವು, ಸಿಕ್ಕಿದವರು ಕೇಳಲಿ. ಉತ್ತರವು ಸರಿಯೆನಿಸಿದರೆ, ಆ ದಿನದ ಪೇಟೆಯ ಧಾರಣೆಯಂತೆ ಅರ್ಧ ತೊಲದ ಪೂರ್ಣ ಬೆಲೆಯು ಅವರಿಗೆ ಸಲ್ಲುವುದು. ನಡುವೆ ಯಾರಿಗೂ ಪಾಲಿಲ್ಲ.