ಗಂಗಾವತಿಯ ರೋಗಿ ನಾಲ್ಕು ಆಯ್ಕೆ ಕೊಡುವುದಿಲ್ಲ

ಅರವತ್ತಮೂರು ಸೆಕೆಂಡು. ಸ್ನಾತಕೋತ್ತರ (ಪಿಜಿ) ವೈದ್ಯಕೀಯ ಸೀಟಿಗಾಗಿ ಬರೆಯುವ ನೀಟ್-ಪಿಜಿ ಪರೀಕ್ಷೆಯಲ್ಲಿ 200 ಪ್ರಶ್ನೆ, 210 ನಿಮಿಷ. ಭಾಗಿಸಿ ನೋಡಿ, ಒಂದು ಪ್ರಶ್ನೆಗೆ ದಕ್ಕುವುದು 63 ಸೆಕೆಂಡು. ಸರಿಯಾದರೆ ನಾಲ್ಕು ಅಂಕ, ತಪ್ಪಿದರೆ ಒಂದು ಅಂಕ ಕಡಿತ. ಎಂಬಿಬಿಎಸ್ ಸೇರಿದ ನಮ್ಮ ಮಕ್ಕಳು ನಾಲ್ಕೂವರೆ ವರ್ಷ ಓದಿ, ಒಂದು ವರ್ಷ ಇಂಟರ್ನ್‌ಶಿಪ್ ಮಾಡಿ, ಕೊನೆಗೆ ತಮ್ಮ ತಲೆಯನ್ನು ಈ 63 ಸೆಕೆಂಡಿಗೆ ಒಗ್ಗಿಸಿಕೊಳ್ಳಲು ಹಗಲುರಾತ್ರಿ ಜೀವ ತೇಯುತ್ತಿದ್ದಾರೆ. ಇದಕ್ಕೆ ‘ರಿವಿಜನ್’ ಎಂದು ಹೆಸರು. ಇದರಿಂದಲೇ ವೈದ್ಯಕೀಯ ಶಿಕ್ಷಣದ ಗುಣಮಟ್ಟ ಏರುತ್ತದೆ ಎಂದು ದೆಹಲಿಯಲ್ಲಿ ಕುಳಿತವರು ನಮಗೆ ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಇದು ಗುಣಮಟ್ಟವಲ್ಲ. ಇದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ರೋಗಿಗೆ ಮಾಡುತ್ತಿರುವ ಅನ್ಯಾಯ.

ಯಾವ ಮೆಡಿಕಲ್ ಕಾಲೇಜಿನ ಹಾಸ್ಟೆಲಿಗಾದರೂ ಹೋಗಿ ಕೇಳಿ. ‘ಆರ್-1 ಮುಗೀತು, ಆರ್-2 ನಡೀತಿದೆ, ಭಾನುವಾರ ಜಿ.ಟಿ. ಇದೆ’ ಎನ್ನುತ್ತಾರೆ. ಆರ್-1 ಎಂದರೆ ಹತ್ತೊಂಬತ್ತು ಸಬ್ಜೆಕ್ಟುಗಳ ಮೊದಲ ಸುತ್ತಿನ ಓದು, ಜಿ.ಟಿ. ಎಂದರೆ ಗ್ರ್ಯಾಂಡ್ ಟೆಸ್ಟ್. ಮೊಬೈಲ್ ಆ್ಯಪಿನಲ್ಲಿ ಪ್ರಶ್ನೆಗಳ ಕ್ಯೂ-ಬ್ಯಾಂಕ್, ಕಿವಿಯಲ್ಲಿ ಒಂದೂವರೆ ಪಟ್ಟು ವೇಗದಲ್ಲಿ ಓಡುವ ಪಾಠ. ಫಾರ್ಮಕಾಲಜಿ ಅಂದರೆ ಔಷಧಿಯ ಹೆಸರಿಗೆ ಅದರ ಅಡ್ಡಪರಿಣಾಮ ಹೊಂದಿಸುವುದು. ನರವಿಜ್ಞಾನ ಅಂದರೆ ಗೆರೆಚಿತ್ರ ನೋಡಿ ಗಾಯ ಎಲ್ಲಿದೆ ಎಂದು ಗುರುತಿಸುವುದು. ಸಾಂಕ್ರಾಮಿಕ ರೋಗ ಅಂದರೆ ಕ್ರಿಮಿಗೂ ಕೀಟಕ್ಕೂ ಗೆರೆ ಎಳೆಯುವುದು. ‘ಹೈ-ಯೀಲ್ಡ್’, ಅಂದರೆ ಪರೀಕ್ಷೆಯಲ್ಲಿ ಅಂಕ ತರುವಂಥದ್ದು, ಅಲ್ಲದ್ದು ಕಸ. ಇಂಟರ್ನಿಗಳ ಏಪ್ರನ್ ಜೇಬಿನಲ್ಲಿ ನರ ಪರೀಕ್ಷಿಸುವ ರಬ್ಬರ್ ಸುತ್ತಿಗೆಯ ಬದಲು ಪವರ್ ಬ್ಯಾಂಕ್ ಇರುತ್ತದೆ.

ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಅವರನ್ನು ಈ ಗಾಣಕ್ಕೆ ಕಟ್ಟಿದವರ ಮೇಲೆ ಸಿಟ್ಟಿದೆ. ‘ವಾರ್ಡಿನಲ್ಲಿ ನಿಂತು ಕಾಲ ಕಳೆಯುವುದು ದಂಡ, ಪಿಜಿ ಸೀಟು ಸಿಕ್ಕ ಮೇಲೆ ರೋಗಿಯನ್ನು ನೋಡಿದರಾಯಿತು’ ಎಂದು ಪಾಠ ಹೇಳುವ ತಜ್ಞರ ಮೇಲೆ ಸಿಟ್ಟಿದೆ. ಪಿಜಿ ಸೀಟು ಎಲ್ಲರಿಗೂ ಸಿಗುವುದಿಲ್ಲ. ಸಿಗದವರು ಎಲ್ಲಿಗೆ ಹೋಗುತ್ತಾರೆ? ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ, ನಮ್ಮ ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಗೆ. ‘ಆಮೇಲೆ ಕಲಿತರಾಯಿತು’ ಎನ್ನುವವರು ಯಾರ ಮೈಮೇಲೆ ಕಲಿಯಬೇಕು ಎಂಬುದನ್ನು ಮಾತ್ರ ಹೇಳುವುದಿಲ್ಲ.

ಈಗ ಗಂಗಾವತಿ ಬಳಿಯ ಸಾಣಾಪುರಕ್ಕೆ ಬನ್ನಿ. ಕೆರೆಯಲ್ಲಿ ಹರಿಗೋಲು, ಸುತ್ತ ಬಂಡೆಗಲ್ಲು, ಕಣ್ಣು ಹಾಯಿಸಿದಷ್ಟು ದೂರ ಭತ್ತದ ಹಸಿರು. ಊರೂರಿಂದ ಬಂದವರು ಆ ಹಸಿರಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಂತ ಅದೇ ಗದ್ದೆಯಲ್ಲಿ ಕ್ಯೂಲೆಕ್ಸ್ ಸೊಳ್ಳೆ ಹುಟ್ಟುತ್ತದೆ. ಬೆಳ್ಳಕ್ಕಿ ಮತ್ತು ಹಂದಿಯಲ್ಲಿ ಬೆಳೆದ ಜಪಾನೀಸ್ ಎನ್ಸೆಫಲೈಟಿಸ್ ವೈರಾಣುವನ್ನು ಅದು ಮಗುವಿನ ಮಿದುಳಿಗೆ ತಲುಪಿಸುತ್ತದೆ. ಗದ್ದೆಯ ಬದುವಿನ ಇಲಿಬಿಲದಲ್ಲಿ ಹಾವಿರುತ್ತದೆ. ಗದ್ದೆಗೆ ಹೊಡೆಯುವ ‘ಎಣ್ಣೆ’ಯ, ಅಂದರೆ ಕೀಟನಾಶಕದ ಡಬ್ಬಿ ಮನೆಯ ಮೂಲೆಯಲ್ಲಿ, ಮಕ್ಕಳಿಗೂ ನೊಂದವರಿಗೂ ಕೈಗೆಟುಕುವ ಹಾಗೆ ಇರುತ್ತದೆ. ನರವಿಜ್ಞಾನ, ಔಷಧಶಾಸ್ತ್ರ, ಸಾಂಕ್ರಾಮಿಕ ರೋಗ ಮೂರೂ ಒಂದೇ ಗದ್ದೆಯಲ್ಲಿ ಕಲಿಯಲು ಸಿಗುವ ಜಿಲ್ಲೆ ಇದು. ಇಂಥ ಜಿಲ್ಲೆಯಲ್ಲಿ ಓದುವ ಹುಡುಗ ಕೋಣೆಯ ಬಾಗಿಲು ಹಾಕಿಕೊಂಡು, ಎಲ್ಲೋ ಕುಳಿತು ಯಾರೋ ಬರೆದ ರೋಗಿಯ ಕಥೆಗೆ ‘ಸಿ’ ಎಂದು ಒತ್ತುತ್ತಿದ್ದಾನೆ.

ಎಣ್ಣೆ ಕುಡಿದವರನ್ನೇ ತೆಗೆದುಕೊಳ್ಳಿ. ಆರ್ಗನೊಫಾಸ್ಫೇಟ್ ವಿಷಕ್ಕೆ ಮದ್ದು ಏನು ಎಂದು ಕೇಳಿದರೆ ನಮ್ಮ ವಿದ್ಯಾರ್ಥಿ ಐದು ಸೆಕೆಂಡಿನಲ್ಲಿ ‘ಅಟ್ರೋಪಿನ್’ ಎನ್ನುತ್ತಾನೆ. 63ರಲ್ಲಿ 58 ಸೆಕೆಂಡು ಉಳಿತಾಯ, ನಾಲ್ಕು ಅಂಕ ಖಾತ್ರಿ. ಆದರೆ ಎಷ್ಟು ಅಟ್ರೋಪಿನ್? ಎಲ್ಲಿಯವರೆಗೆ? ಪಾಪೆ ಹಿಗ್ಗಿತು, ನಾಡಿ ಓಡಿತು ಎಂದು ಕೈಬಿಟ್ಟರೆ ಆಗಲಿಲ್ಲ. ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಗೊರಗೊರ ಸದ್ದು ನಿಂತು ಶ್ವಾಸಕೋಶ ತಿಳಿಯಾಗುವವರೆಗೆ ಐದೈದು ನಿಮಿಷಕ್ಕೆ ಡೋಸು ಇಮ್ಮಡಿ ಮಾಡುತ್ತ ಹೋಗಬೇಕು. ಹಾಸಿಗೆಯ ಪಕ್ಕ ಗಂಟೆಗಟ್ಟಲೆ ನಿಲ್ಲಬೇಕು. ಇಷ್ಟಕ್ಕೇ ಮುಗಿಯುವುದಿಲ್ಲ. ರೋಗಿ ಚೇತರಿಸಿಕೊಂಡ, ಗಂಜಿ ಕುಡಿದ, ಮನೆಯವರು ‘ಬದುಕಿದ’ ಎಂದು ನಿಟ್ಟುಸಿರಿಟ್ಟರು ಎನ್ನುವ ಹೊತ್ತಿಗೆ, ಒಂದರಿಂದ ನಾಲ್ಕು ದಿನದೊಳಗೆ ಕತ್ತಿನ ಸ್ನಾಯುಗಳು ಸೋಲತೊಡಗುತ್ತವೆ. ಆಮೇಲೆ ಉಸಿರಾಟದ ಸ್ನಾಯುಗಳ ಸರದಿ. ‘ಇಂಟರ್ಮೀಡಿಯೆಟ್ ಸಿಂಡ್ರೋಮ್’ ಎಂದು 1987ರಲ್ಲಿ ಶ್ರೀಲಂಕಾದ ವೈದ್ಯರು ಇದನ್ನು ವಿವರಿಸಿದರು. ಅವರು ಅದನ್ನು ಕಂಡದ್ದು ರೋಗಿಯ ಹಾಸಿಗೆಯ ಪಕ್ಕದಲ್ಲಿ. ಇದನ್ನು ಹಿಡಿಯಲು ಸ್ಕ್ಯಾನ್ ಬೇಡ. ಪಾಳಿಗೊಮ್ಮೆ ಹೋಗಿ ‘ಯಪ್ಪಾ, ದಿಂಬಿನ ಮ್ಯಾಲಿಂದ ತೆಲಿ ಎತ್ತು ನೋಡಮು’ ಎಂದು ಕೇಳಿದರೆ ಸಾಕು. ತಲೆ ಎತ್ತಲಾಗದಿದ್ದರೆ ಉಸಿರು ಕೈಕೊಡುವ ಮೊದಲೇ ವೆಂಟಿಲೇಟರ್ ಇರುವಲ್ಲಿಗೆ ಸಾಗಿಸಬಹುದು. ಹೆಸರು ಕ್ಯೂ-ಬ್ಯಾಂಕಿನಲ್ಲಿದೆ. ಎತ್ತು ನೋಡೋಣ ಎಂದು ಕೇಳುವ ಅಭ್ಯಾಸ ಅಲ್ಲಿಲ್ಲ.

ಕಟ್ಟುಹಾವು ಇನ್ನೂ ಘೋರ. ಅದು ಕಚ್ಚುವುದು ರಾತ್ರಿ, ನೆಲದ ಮೇಲೆ ಮಲಗಿದವರನ್ನು. ಗಾಯ ಕಾಣಿಸುವುದೇ ಕಷ್ಟ, ಊತ ಇಲ್ಲ. ಬೆಳಗಿನ ಜಾವ ಎದ್ದವರು ‘ಹೊಟ್ಟಿ ನೋಯಾಕತ್ತೈತಿ’ ಎನ್ನುತ್ತಾರೆ. ಸ್ವಲ್ಪ ಹೊತ್ತಿಗೆ ‘ಕಣ್ಣು ತೆರಿಯಾಕ ಆಗವಲ್ದರಿ’ ಎನ್ನುತ್ತಾರೆ. ಹೊಟ್ಟೆನೋವಿಗೆ ಗ್ಯಾಸಿನ ಇಂಜೆಕ್ಷನ್ ಕೊಟ್ಟು ಕಳಿಸಿದರೆ ಸಂಜೆಗೆ ಹೆಣ. ಅದರ ವಿಷ ನರದ ತುದಿಯನ್ನೇ ಹಾಳುಮಾಡುವುದರಿಂದ ನಾಗರಹಾವಿನ ಕಡಿತದಲ್ಲಿ ಕೆಲಸ ಮಾಡುವ ನಿಯೋಸ್ಟಿಗ್ಮಿನ್ ಇಲ್ಲಿ ಕೈ ಹಿಡಿಯುವುದಿಲ್ಲ. ಒಂದರ ವಿಷ ನರತುದಿಯ ಈಚೆ, ಇನ್ನೊಂದರದು ಆಚೆ. ಈ ವ್ಯತ್ಯಾಸ ಪರೀಕ್ಷೆಯ ನೆಚ್ಚಿನ ಪ್ರಶ್ನೆ, ಎಲ್ಲರಿಗೂ ಬಾಯಿಪಾಠ. ಬಾಯಿಪಾಠವಾಗದ ಇನ್ನೊಂದು ಸಂಗತಿ ಇದೆ. ಕಟ್ಟುಹಾವಿನ ವಿಷ ಪೂರ್ತಿ ಏರಿದ ರೋಗಿಯ ಪಾಪೆ ಬೆಳಕಿಗೆ ಕುಗ್ಗುವುದಿಲ್ಲ, ಕಣ್ಣುಗುಡ್ಡೆ ಅಲುಗದು, ಕೆಮ್ಮು ಬಾರದು, ಕೈಕಾಲು ಕದಲವು. ಮಿದುಳುಕಾಂಡದ ಪ್ರತಿವರ್ತನೆಗಳ ಪಟ್ಟಿ ಹಿಡಿದು ಟಿಕ್ ಮಾಡುತ್ತ ಹೋದರೆ ‘ಮಿದುಳು ಸತ್ತಿದೆ’ ಎಂಬ ಉತ್ತರ ಬರುತ್ತದೆ. ಸತ್ತಿರುವುದಿಲ್ಲ! ನರಗಳಿಗೆ ಬೀಗ ಬಿದ್ದಿರುತ್ತದೆ, ಅಷ್ಟೇ. ಅಂಬು ಬ್ಯಾಗ್ ಹಿಡಿದು ಕೈಯಿಂದ ಉಸಿರು ತುಂಬುತ್ತ ಜಿಲ್ಲಾಸ್ಪತ್ರೆ ಮುಟ್ಟಿಸಿದರೆ, ವೆಂಟಿಲೇಟರಿನ ಮೇಲೆ ಕೆಲವು ದಿನ ಕಾದರೆ, ಆ ಮನುಷ್ಯ ಎದ್ದು ಕೂಡಬಲ್ಲ. ಇದನ್ನು ಕಲಿಯದ ವೈದ್ಯ ಬದುಕಿರುವವನ ಮುಖಕ್ಕೆ ಬಟ್ಟೆ ಮುಚ್ಚುತ್ತಾನೆ.

ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58 ಸಾವಿರ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ಹೆಚ್ಚಿನವರು ಹಳ್ಳಿಯವರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಘೋಷಿಸಿತು. ಒಳ್ಳೆಯದೇ. ಲೆಕ್ಕ ಬರೆಯುವ ಕೈಗೆ ಲೆಕ್ಕ ತಗ್ಗಿಸುವ ವಿದ್ಯೆಯನ್ನೂ ಕೊಡಬೇಡವೇ?

ಜಪಾನೀಸ್ ಎನ್ಸೆಫಲೈಟಿಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲಕ್ಷಣ ಕಾಣಿಸಿಕೊಂಡವರಲ್ಲಿ ನೂರಕ್ಕೆ 30ರವರೆಗೆ ಸಾಯುತ್ತಾರೆ. ಬದುಕುಳಿದವರಲ್ಲಿ ಅನೇಕರು ಮಾತು, ನಡಿಗೆ, ಬುದ್ಧಿಯ ಊನ ಹೊತ್ತು ಬಾಳುತ್ತಾರೆ. ವೈರಾಣುವಿಗೆ ಮದ್ದಿಲ್ಲ, ಲಸಿಕೆ ಇದೆ. ಜ್ವರ ಬಂದು ಫಿಟ್ಸ್ ಬಂದ ಮಗುವಿನ ತಾಯಿಗೆ ‘ಮನೆ ಹತ್ತಿರ ಗದ್ದೆ ಇದೆಯಾ, ಹಂದಿ ಸಾಕ್ತೀರಾ, ಲಸಿಕೆ ಹಾಕಿಸಿದ್ದೀರಾ’ ಎಂದು ಕೇಳುವುದೇ ಇಲ್ಲಿ ವಿದ್ಯೆ. ಆ ತಾಯಿಯ ಮಾತು ಕೊಪ್ಪಳದ ಕನ್ನಡದಲ್ಲಿರುತ್ತದೆ, ಆ್ಯಪಿನ ಇಂಗ್ಲಿಷಿನಲ್ಲಿ ಇರುವುದಿಲ್ಲ. ‘ಮೈಯಾಗ ಇರುವಿ ಹರದಾಂಗ ಆಗತೈತಿ’, ‘ಕೈ ಜೋಮು ಹಿಡದೈತಿ’ ಎಂಬ ದೂರಿನಿಂದ ನರರೋಗವನ್ನು ಊಹಿಸುವುದು ಕೇಳಿ ಕೇಳಿಯೇ ಬರಬೇಕು.

ಇಷ್ಟೆಲ್ಲವನ್ನೂ ಬಲಿಕೊಟ್ಟು ನಡೆಸುವ ಈ ಪರೀಕ್ಷೆ ಪ್ರತಿಭೆಯನ್ನಾದರೂ ಸೋಸುತ್ತದೆಯೇ? 2023ರ ಸೆಪ್ಟೆಂಬರಿನಲ್ಲಿ ನೀಟ್-ಪಿಜಿಯ ಅರ್ಹತಾ ಪರ್ಸೆಂಟೈಲನ್ನು ಸೊನ್ನೆಗೆ ಇಳಿಸಿದರು. ಪರೀಕ್ಷೆ ಬರೆದವರೆಲ್ಲರೂ ಅರ್ಹರು ಎಂದಾಯಿತು. ಸೀಟು ಖಾಲಿ ಉಳಿಯಬಾರದಂತೆ. ಯಾವ ಸೀಟು ಖಾಲಿ ಉಳಿಯುತ್ತದೆ, ಯಾರ ಬಳಿ ಹಣವಿದ್ದರೆ ಅದು ತುಂಬುತ್ತದೆ ಎಂಬುದು ಖಾಸಗಿ ಕಾಲೇಜುಗಳ ಶುಲ್ಕ ಬಲ್ಲ ಎಲ್ಲರಿಗೂ ಗೊತ್ತು. 2024ರ ಜೂನ್ 23ಕ್ಕೆ ನಿಗದಿಯಾಗಿದ್ದ ಪರೀಕ್ಷೆಯನ್ನು ಹಿಂದಿನ ರಾತ್ರಿ ಮುಂದೂಡಿದರು. ಅಷ್ಟರಲ್ಲಿ ಎಷ್ಟೋ ಮಕ್ಕಳು ಪರೀಕ್ಷಾ ಕೇಂದ್ರದ ಊರಿಗೆ ಹೋಗಿ ಇಳಿದಿದ್ದರು. ಆಗಸ್ಟ್ 11ರಂದು ಎರಡು ಪಾಳಿಯಲ್ಲಿ ನಡೆಸಿದರು, ಅದೂ ಗೊಂದಲ. ಕೊನೆಗೆ 2025ರಲ್ಲಿ ಒಂದೇ ಪಾಳಿಯಲ್ಲಿ ನಡೆಸಿ ಎಂದು ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಇಂಥವರು ನಮಗೆ ಗುಣಮಟ್ಟದ ಪಾಠ ಹೇಳುತ್ತಾರೆ.

‘ರಾಷ್ಟ್ರೀಯ ನಿರ್ಗಮನ ಪರೀಕ್ಷೆ ನೆಕ್ಸ್ಟ್ ಬಂದರೆ ಎಲ್ಲ ಸರಿಹೋಗುತ್ತದೆ’ ಎನ್ನುವವರಿಗೂ ಒಂದು ಮಾತು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಲ್ಲಿ ಬರೆದಿಟ್ಟ ಆ ಪರೀಕ್ಷೆಯ ನಿಯಮಗಳು 2023ರಲ್ಲಿ ಹೊರಬಂದವು. ವಿದ್ಯಾರ್ಥಿಗಳು ಸಿಡಿದೆದ್ದ ಮೇಲೆ ಅದೇ ವರ್ಷ ಜುಲೈನಲ್ಲಿ ತಡೆಹಿಡಿದರು. ಆ ನಿಯಮದಲ್ಲಿ ಏನಿತ್ತು? ಬಹು ಆಯ್ಕೆ ಪ್ರಶ್ನೆಗಳ ಮೊದಲ ಹಂತದ ಅಂಕದಿಂದಲೇ ಪಿಜಿ ರ‍್ಯಾಂಕು. ರೋಗಿಯನ್ನು ಮುಟ್ಟಿ ನೋಡುವ ಎರಡನೇ ಹಂತಕ್ಕೆ ಬರೀ ಪಾಸು-ಫೇಲು. ಅಂದರೆ ಬೆರಳು ಒತ್ತುವುದಕ್ಕೆ ರ‍್ಯಾಂಕು, ನಾಡಿ ಹಿಡಿಯುವುದಕ್ಕೆ ಪಾಸಾದರೆ ಸಾಕು. ಇಪ್ಪತ್ತೆರಡು ವಯಸ್ಸಿನ ಯಾವ ಜಾಣ ಹುಡುಗಿ ವಾರ್ಡಿನಲ್ಲಿ ನಿಲ್ಲುತ್ತಾಳೆ? ನಿಲ್ಲಬೇಡ ಎಂದು ನಿಯಮವೇ ಹೇಳುತ್ತಿರುವಾಗ?

ಆ್ಯಪುಗಳಿಂದ ಹಳ್ಳಿಯ ಮಕ್ಕಳಿಗೂ ದೊಡ್ಡ ದೊಡ್ಡ ಮೇಷ್ಟ್ರ ಪಾಠ ಸಿಗುತ್ತದೆ ಎಂಬ ವಾದ ಕೇಳಿ ಕೇಳಿ ಸಾಕಾಗಿದೆ. ಸಿಗುವುದು ಪಾಠ. ಸಿಗಬೇಕಾದ್ದು ಪಕ್ಕದಲ್ಲಿ ನಿಂತು ತಪ್ಪು ತಿದ್ದುವ ಮೇಷ್ಟ್ರು.

ಹೇಳುತ್ತ ಹೋದರೆ ನಮ್ಮ ಭಾಗದ ಹಳೆಯ ಹುಣ್ಣೇ ಕೆರಳುತ್ತದೆ. ಹೋರಾಡಿ ಪಡೆದ ಸಂವಿಧಾನದ 371(ಜೆ) ಕಲಮಿನಿಂದ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಇಲ್ಲಿನ ಕಾಲೇಜುಗಳಲ್ಲಿ ಸೀಟು ಸಿಕ್ಕಿತು. 2015ರಲ್ಲಿ ಕೊಪ್ಪಳಕ್ಕೂ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ನಮ್ಮ ಅವ್ವ-ಅಪ್ಪಂದಿರು ಕಣ್ಣೀರು ಹಾಕಿದ್ದು ನಮ್ಮೂರ ಹುಡುಗ ನಮ್ಮೂರ ರೋಗ ಬಲ್ಲ ಡಾಕ್ಟರಾಗುತ್ತಾನೆ ಎಂಬ ಆಸೆಗೆ. ಸೀಟು ಕೊಟ್ಟೆವಲ್ಲ ಎಂದು ಸರ್ಕಾರ ಕೈ ತೊಳೆದುಕೊಂಡಿತು. ನರರೋಗ ಅಂದರೆ ನಮ್ಮಲ್ಲಿ ಅನೇಕರು ಇಂದಿಗೂ ಓಡುವುದು ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ, ಸುಮಾರು 350 ಕಿಲೋಮೀಟರ್ ದೂರ. ಗಂಗಾವತಿ ಪಕ್ಕದ ಅಂಜನಾದ್ರಿ ಬೆಟ್ಟದ ಅಭಿವೃದ್ಧಿಗಾದರೋ 2022ರ ಬಜೆಟ್ಟಿನಲ್ಲಿ 100 ಕೋಟಿ ಘೋಷಣೆಯಾಯಿತು. ಹನುಮಪ್ಪನ ಭಕ್ತರಿಗೆ ಅನುಕೂಲವಾಗಲಿ, ಬೇಡ ಎನ್ನುವವನು ನಾನಲ್ಲ. ಆ ಬೆಟ್ಟದ ಬುಡದ ಗದ್ದೆಯಲ್ಲಿ ನಾಟಿ ಹಚ್ಚುವ ಹೆಣ್ಣುಮಗಳಿಗೆ ರಾತ್ರಿ ಹಾವು ಕಡಿದರೆ ಯಾರು ನೋಡುತ್ತಾರೆ ಎಂದು ಕೇಳುವ ಹಕ್ಕು ನನಗಿದೆ. ಗ್ರಾಮೀಣ ಸೇವೆ ಕಡ್ಡಾಯ ಎಂದು 2012ರಲ್ಲಿ ಕಾಯ್ದೆ ಮಾಡಿದ್ದೂ ರಾಜ್ಯ ಸರ್ಕಾರವೇ, 2023ರಲ್ಲಿ ಅದನ್ನು ಸಡಿಲಿಸಿದ್ದೂ ರಾಜ್ಯ ಸರ್ಕಾರವೇ. ಹಳ್ಳಿಗೆ ಕಳಿಸುವ ಮೊದಲು ಹಳ್ಳಿಯ ರೋಗ ಕಲಿಸಿದ್ದೇವೆಯೇ ಎಂದು ಎರಡೂ ಸಲ ಯಾರೂ ಕೇಳಲಿಲ್ಲ.

‘ಎಲ್ಲ ದೆಹಲಿಯ ಕೈಯಲ್ಲಿದೆ, ನಾವೇನು ಮಾಡಲಾದೀತು’ ಎಂದು ಬೆಂಗಳೂರಿನವರು ನುಣುಚಿಕೊಳ್ಳುತ್ತಾರೆ. 2024ರ ಜುಲೈನಲ್ಲಿ ನೀಟ್ ವಿರುದ್ಧ ವಿಧಾನಮಂಡಲದಲ್ಲಿ ನಿರ್ಣಯ ಮಾಡಿ ಕೈಕಟ್ಟಿ ಕುಳಿತದ್ದೂ ಆಯಿತು. ಆದರೆ ಅಂತಿಮ ವರ್ಷದ ಎಂಬಿಬಿಎಸ್ ಪರೀಕ್ಷೆ ನಡೆಸುವುದು ದೆಹಲಿಯಲ್ಲ, ನಮ್ಮದೇ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಪ್ರಾಯೋಗಿಕ ಪರೀಕ್ಷೆಗೆ ಪರೀಕ್ಷಕರನ್ನು ಕಳಿಸುವುದು ಅದೇ. ಇಂಟರ್ನಿಗಳ ಲಾಗ್‌ಬುಕ್ಕಿಗೆ ಸಹಿ ಹಾಕುವುದು ನಮ್ಮದೇ ರಾಜ್ಯದ ಪ್ರಾಧ್ಯಾಪಕರು. ಕೊಪ್ಪಳ, ರಾಯಚೂರು, ಬಳ್ಳಾರಿಯಲ್ಲಿ ಪರೀಕ್ಷೆಗೆ ಕೂತ ಪ್ರತಿ ವಿದ್ಯಾರ್ಥಿಗೂ ಹಾವು ಕಡಿತದ ರೋಗಿಯ ಕಣ್ಣು-ಕತ್ತು-ಉಸಿರು ಪರೀಕ್ಷಿಸಿ ತೋರಿಸಲು ಹೇಳಿ. ಅಟ್ರೋಪಿನ್ ಚಾರ್ಟನ್ನು ಗಂಟೆಗಂಟೆಗೆ ಬರೆದು ತೋರಿಸಲು ಹೇಳಿ. ನಾಯಿ ಕಚ್ಚಿದ ಗಾಯವನ್ನು ಸೋಪು-ನೀರಿನಲ್ಲಿ 15 ನಿಮಿಷ ತೊಳೆದು, ಇಮ್ಯುನೊಗ್ಲಾಬುಲಿನ್ ಅನ್ನು ಗಾಯದ ಒಳಗೇ ಹೇಗೆ ಚುಚ್ಚಬೇಕೆಂದು ಮಾಡಿ ತೋರಿಸಲು ಹೇಳಿ. ಇಂಟರ್ನ್‌ಶಿಪ್ಪಿನಲ್ಲಿ ಅಂಬು ಬ್ಯಾಗ್ ಒತ್ತಿದ ದಾಖಲೆ ಇಲ್ಲದವರಿಗೆ ಸರ್ಟಿಫಿಕೇಟು ಕೊಡಬೇಡಿ. ಇದಕ್ಕೆ ಸಂಸತ್ತಿನ ತಿದ್ದುಪಡಿ ಬೇಡ, ಕೇಂದ್ರದ ಅನುದಾನ ಬೇಡ. ಒಂದು ಸುತ್ತೋಲೆ ಸಾಕು. ಗದ್ದೆಗೆ ನೀರು ಬಿಡುವ ಮುಂಗಾರಿನ ಹೊತ್ತಿಗೆ ಅದು ಹೊರಡಬೇಕು. ಹಾವು ಕಡಿತದ ಕಾಲವೂ ಅದೇ.