ಕೀಲಿಕೈ ಕೇಳುವ ಮೊದಲು

ವೈದ್ಯನಾದವನು ರೋಗಿಗೆ ತಿಳಿಸಬೇಕಾದ ಕಹಿಸುದ್ದಿಗಳು ಹಲವು. ಅವುಗಳಲ್ಲಿ ಹೇಳಲು ಅತ್ಯಂತ ಕಷ್ಟವಾದದ್ದು ಯಾವುದೆಂದು ಸ್ನೇಹಿತರು ಕೇಳಿದಾಗ ನಾನು ಕೊಡುವ ಉತ್ತರ ಅವರಿಗೆ ತಮಾಷೆಯೆನಿಸುತ್ತದೆ. "ನೀವು ಇನ್ನು ಮುಂದೆ ಕಾರು ಓಡಿಸಬಾರದು" ಎಂಬ ಒಂದೇ ಒಂದು ವಾಕ್ಯ ಅದು.

ಕೆಲವು ವರ್ಷಗಳ ಹಿಂದೆ ಯಾರ್ಕ್‌ಷೈರಿನ ಗುಡ್ಡಗಳ ನಡುವಿನ ಹಳ್ಳಿಯೊಂದರಿಂದ ವೃದ್ಧರೊಬ್ಬರು ಬಂದಿದ್ದರು (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ). ಅವರ ಮರೆವಿನ ಕಾಯಿಲೆ ಸಾಕಷ್ಟು ಮುಂದುವರಿದಿದೆಯೆಂದು ತಿಳಿಸಿದೆ. ಮೌನವಾಗಿ ತಲೆಯಾಡಿಸಿ, "ಹೆಂಡತಿಗೆ ನಾನೇ ಹೇಳುತ್ತೇನೆ" ಎಂದರು. ಅನಂತರ ಕಾರಿನ ವಿಷಯ ತೆಗೆದೆ. ಅವರ ಬಲಗೈ ತಾನಾಗಿಯೇ ಕೋಟಿನ ಜೇಬಿನೊಳಕ್ಕೆ ಇಳಿದು ಏನನ್ನೋ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯಿತು. ಅದು ಕಾರಿನ ಕೀಲಿಕೈ ಎಂದು ಕಾಣದೆಯೂ ತಿಳಿಯುವಂತಿತ್ತು. ಭೇಟಿ ಮುಗಿಯುವವರೆಗೂ ಆ ಕೈ ಹೊರಬರಲಿಲ್ಲ.

ಅಲ್ಲಿಯವರೆಗೆ ಕಾರಿನ ಮೋಹವೆಂದರೆ ಪ್ರತಿಷ್ಠೆಯ ಇನ್ನೊಂದು ಹೆಸರೆಂದೇ ನಾನು ನಂಬಿದ್ದೆ. ಹಾಗೆ ನಂಬಲು ಕಾರಣಗಳೂ ಇದ್ದವು. ಹಾಸನದಲ್ಲಿ ನಾನು ಬೆಳೆದ ಬೀದಿಗೆಲ್ಲ ಇದ್ದದ್ದು ಒಂದೇ ಅಂಬಾಸಿಡರ್, ಅದು ಡಾಕ್ಟರದು. ಅಪ್ಪನ ಸ್ಕೂಟರಿನಲ್ಲಿ ನಾವು ನಾಲ್ವರು ಒತ್ತಿಕೊಂಡು ಕುಳಿತು ಹೋಗುವಾಗ ಅದು ಪಕ್ಕದಲ್ಲಿ ಹಾದುಹೋಗುತ್ತಿತ್ತು. ಎಂಬಿಬಿಎಸ್ ಓದಬೇಕೆಂಬ ನನ್ನ ಹಂಬಲದಲ್ಲಿ ರೋಗಿಗಳ ಮೇಲಿನ ಕರುಣೆಯ ಪಾಲೆಷ್ಟು, ಆ ಬಿಳಿಯ ಕಾರಿನ ಪಾಲೆಷ್ಟು ಎಂದು ಇಂದಿಗೂ ಖಚಿತವಾಗಿ ಹೇಳಲಾರೆ. ಆ ಕಾರು ಆಕ್ಸ್‌ಫರ್ಡ್ ನಗರದ ಅಂಚಿನ ಕೌಲಿಯಲ್ಲಿ ತಯಾರಾಗುತ್ತಿದ್ದ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಭಾರತೀಯ ಅವತಾರವೆಂದು ತಿಳಿದದ್ದು ಈ ದೇಶಕ್ಕೆ ಬಂದ ಮೇಲೆ. ಹುಟ್ಟಿದ ನೆಲದಲ್ಲಿ ಅದು ಮರೆಯಾಗಿ ದಶಕಗಳು ಕಳೆದರೂ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ 2014ರವರೆಗೂ ತಯಾರಾಗುತ್ತಲೇ ಇತ್ತು.

ಇನ್ನು ನಮ್ಮ ಯುಗಾದಿ, ದೀಪಾವಳಿ ಸಮಾರಂಭಗಳ ದಿನ ಸಭಾಂಗಣದ ಹೊರಗಿನ ಕಾರ್ ಪಾರ್ಕನ್ನು ನೋಡಿದವರಿಗೆ ಪ್ರತಿಷ್ಠೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಯಾರು ಯಾವ ಜರ್ಮನ್ ಕಾರಿನಿಂದ ಇಳಿದರೆಂಬುದು ಹೋಳಿಗೆ ಬಡಿಸುವ ಹೊತ್ತಿಗೆ ಎಲ್ಲರಿಗೂ ತಿಳಿದಿರುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಮಾಸಿಕ ಕಂತಿನದೆಂಬುದೂ ತಿಳಿದಿರುತ್ತದೆ, ಆದರೆ ಅದನ್ನು ಯಾರೂ ಆಡುವುದಿಲ್ಲ.

ಆದರೆ ಪ್ರತಿಷ್ಠೆಯೊಂದೇ ಕಾರಣವಾಗಿದ್ದರೆ ಹಳೆಯ ಕಾರುಗಳನ್ನು ಯಾರೂ ಪ್ರೀತಿಸಬಾರದಿತ್ತು. ಪ್ರತಿ ವರ್ಷ ನವೆಂಬರ್ ತಿಂಗಳ ಮೊದಲ ಭಾನುವಾರ ಲಂಡನ್ನಿನ ಹೈಡ್ ಪಾರ್ಕಿನಿಂದ ಬ್ರೈಟನ್ನಿನ ಕಡಲತೀರಕ್ಕೆ, ಸುಮಾರು 60 ಮೈಲಿ ದೂರ, 1905ಕ್ಕೆ ಮೊದಲು ತಯಾರಾದ ವಾಹನಗಳು ಸೂರ್ಯೋದಯಕ್ಕೆ ಹೊರಡುತ್ತವೆ. ಇದು 1896ರ ನವೆಂಬರ್ 14ರ ಒಂದು ಯಾತ್ರೆಯ ಸ್ಮರಣೆ. ಅದಕ್ಕೆ ಮುಂಚೆ ಈ ದೇಶದಲ್ಲಿ ಯಂತ್ರವಾಹನಗಳ ವೇಗಮಿತಿ ಊರೊಳಗೆ ಗಂಟೆಗೆ 2 ಮೈಲಿ, ಊರಾಚೆ 4 ಮೈಲಿ. ಮುಂದೆ ಒಬ್ಬ ಮನುಷ್ಯ ನಡೆದುಹೋಗಬೇಕಿತ್ತು. ಆ ದಿನದಿಂದ ಮಿತಿ 14 ಮೈಲಿಗೆ ಏರಿತು. ಬಿಡುಗಡೆಯ ಸಂಕೇತವಾಗಿ ಬೆಳಗಿನ ಉಪಾಹಾರದ ಸಭೆಯಲ್ಲಿ ಕೆಂಪು ಬಾವುಟವೊಂದನ್ನು ಹರಿದು ಹೊರಟರಂತೆ. ಒಂದು ವರ್ಷ ಕ್ರಾಲಿಯ ಬಳಿ ದಾರಿಬದಿಯಲ್ಲಿ ನಿಂತು ಈ ಮೆರವಣಿಗೆಯನ್ನು ನೋಡಿದೆ. ಚಾವಣಿಯಿಲ್ಲದ ಗಾಡಿಗಳು, ಕೊರೆಯುವ ಚಳಿ, ಜಿನುಗುವ ಮಳೆ. ಕೆಟ್ಟುನಿಂತ ಒಂದು ಕಾರಿನ ಕೆಳಗೆ ಒದ್ದೆ ನೆಲದ ಮೇಲೆ ಮಲಗಿದ್ದ ಯಜಮಾನರ ಮುಖದಲ್ಲಿ ಕಂಡ ಸಂತೋಷವನ್ನು ನಾನು ಐಷಾರಾಮಿ ಕಾರುಗಳೊಳಗೆ ಕಂಡದ್ದು ವಿರಳ.

ಹಾಗಾದರೆ ಈ ಪ್ರೀತಿ ಎಲ್ಲಿಂದ ಬಂತು? ನನ್ನ ವೃತ್ತಿ ಒಂದು ಉತ್ತರ ಕೊಡುತ್ತದೆ. 1911ರಲ್ಲಿ ಲಂಡನ್ನಿನ ಇಬ್ಬರು ನರರೋಗತಜ್ಞರು, ಹೆನ್ರಿ ಹೆಡ್ ಮತ್ತು ಗಾರ್ಡನ್ ಹೋಮ್ಸ್, ನಮ್ಮ ದೇಹದ ನಕ್ಷೆಯೊಂದನ್ನು ಮೆದುಳು ಸದಾ ತಿದ್ದಿಕೊಳ್ಳುತ್ತಿರುತ್ತದೆಂದು ಬರೆದರು. ನಾವು ಬಳಸುವ ವಸ್ತುಗಳೂ ಆ ನಕ್ಷೆಯೊಳಗೆ ಸೇರುತ್ತವೆ. ಟೋಪಿಗೆ ಗರಿ ಸಿಕ್ಕಿಸಿಕೊಂಡ ಹೆಂಗಸಿನ ದೇಹದ ಅರಿವು ಆ ಗರಿಯವರೆಗೆ ಹಬ್ಬುತ್ತದೆ ಎಂಬುದು ಅವರು ಕೊಟ್ಟ ಉದಾಹರಣೆ. 1996ರಲ್ಲಿ ಜಪಾನಿನ ಅತ್ಸುಶಿ ಇರಿಕಿ ಮತ್ತು ಸಂಗಡಿಗರು ಕೋತಿಗಳಿಗೆ ಕುಂಟೆಯಂಥ ಕೋಲಿನಿಂದ ಆಹಾರವನ್ನು ಎಳೆದುಕೊಳ್ಳಲು ಕಲಿಸಿದರು. ಅದುವರೆಗೆ ಕೈಯ ಸುತ್ತಲಿನ ಜಾಗಕ್ಕೆ ಮಾತ್ರ ಸ್ಪಂದಿಸುತ್ತಿದ್ದ ಮೆದುಳಿನ ಕೆಲವು ನರಕೋಶಗಳು ಆಮೇಲೆ ಕೋಲಿನ ಉದ್ದಕ್ಕೂ ಸ್ಪಂದಿಸತೊಡಗಿದವು. ಇಕ್ಕಟ್ಟಾದ ಜಾಗದಲ್ಲಿ ಕಾರನ್ನು ಹಿಂದಕ್ಕೆ ತೆಗೆಯುವಾಗ ಹಿಂದಿನ ಬಂಪರು ಗೋಡೆಗೆ ಎಷ್ಟು ಸಮೀಪವಿದೆಯೆಂದು ಅನುಭವಿ ಚಾಲಕನಿಗೆ ಬೆನ್ನಿನಲ್ಲೇ ತಿಳಿಯುತ್ತದೆ. ಯಾರಾದರೂ ಕಾರಿಗೆ ತಾಗಿಸಿದರೆ "ನನಗೆ ಗುದ್ದಿದ" ಎನ್ನುತ್ತೇವೆ, "ನನ್ನ ಕಾರಿಗೆ" ಎನ್ನುವುದು ಪೊಲೀಸರ ಮುಂದೆ ಮಾತ್ರ. ಐವತ್ತು ವರ್ಷ ಹೀಗೆ ದೇಹದ ಭಾಗವಾಗಿದ್ದುದನ್ನು ಒಂದು ಮಧ್ಯಾಹ್ನ ಹತ್ತು ನಿಮಿಷದ ಮಾತಿನಲ್ಲಿ ಕತ್ತರಿಸುವುದು ಎಂಥ ಶಸ್ತ್ರಚಿಕಿತ್ಸೆಯೆಂದು ಆ ಕೋಟಿನ ಜೇಬು ನನಗೆ ಕಲಿಸಿತು.

ಇದು ಮೆದುಳಿನ ಮಾತಾಯಿತು. ಬದುಕಿನ ಮಾತು ಬೇರೆಯಿದೆ. ರಾತ್ರಿ ಪಾಳಿ ಮುಗಿಸಿದ ದಾದಿಯೊಬ್ಬರು ಆಸ್ಪತ್ರೆಯ ಕಾರ್ ಪಾರ್ಕಿನಲ್ಲಿ ಇಂಜಿನ್ನು ಚಾಲೂ ಮಾಡದೆ ಹತ್ತು ನಿಮಿಷ ಸುಮ್ಮನೆ ಕುಳಿತಿರುವುದನ್ನು ನಾನು ಎಷ್ಟೋ ಬೆಳಗುಗಳಲ್ಲಿ ಕಂಡಿದ್ದೇನೆ. ವಾರ್ಡು ಅವರದಲ್ಲ, ಮನೆಯಲ್ಲಿ ಮಕ್ಕಳು ಎದ್ದಿರುತ್ತಾರೆ. ನಡುವೆ ಅವರದೇ ಆದ ಕೋಣೆ ಅದೊಂದೇ. ನನಗೂ ಅಷ್ಟೆ. ಲೀಡ್ಸಿನಿಂದ ಮ್ಯಾಂಚೆಸ್ಟರಿಗೆ ಹೋಗುವ ಎಂ62 ಹೆದ್ದಾರಿಯಲ್ಲಿ, ನೆರೆಯವರ ಚಿಂತೆಯಿಲ್ಲದೆ, ಮಕ್ಕಳ ಗೊಣಗಾಟವಿಲ್ಲದೆ, ಕನ್ನಡದ ಹಾಡನ್ನು ಗಟ್ಟಿಯಾಗಿ ಹಚ್ಚಿ ಅದಕ್ಕಿಂತ ಗಟ್ಟಿಯಾಗಿ ನಾನೂ ಹಾಡುತ್ತೇನೆ. ಶ್ರುತಿಯ ಬಗ್ಗೆ ಕೇಳಬೇಡಿ.

ನಮ್ಮ ಹೆಂಗಸರನ್ನು ಕೇಳಿದರೆ ಇನ್ನೂ ಸ್ಪಷ್ಟವಾದ ಉತ್ತರ ಸಿಗುತ್ತದೆ. ಭಾರತದ ಲೈಸೆನ್ಸು ಇಲ್ಲಿ ನೆಲೆಸಿದ 12 ತಿಂಗಳವರೆಗೆ ಮಾತ್ರ ನಡೆಯುತ್ತದೆ. ಆಮೇಲೆ ಎಲ್ಲರೂ ಹೊಸದಾಗಿ ಪರೀಕ್ಷೆ ಬರೆದು, ರಸ್ತೆಯ ಪರೀಕ್ಷೆ ಕೊಟ್ಟು ತೇರ್ಗಡೆಯಾಗಬೇಕು. ಗಂಡನ ಬಿಡುವಿಗಾಗಿ ಕಾದು ದಿನಸಿ ತರುತ್ತಿದ್ದ ನನ್ನ ಅತ್ತಿಗೆ, ಕೆಂಪು ಎಲ್ ಅಕ್ಷರದ ಫಲಕವನ್ನು ತೆಗೆದುಹಾಕಿದ ಮರುದಿನ ಯಾವ ಕೆಲಸವೂ ಇಲ್ಲದೆ ಒಬ್ಬರೇ ಇಪ್ಪತ್ತು ಮೈಲಿ ಹೋಗಿ, ಒಂದು ಕಾಫಿ ಕುಡಿದು ಹಿಂದಿರುಗಿದರು. "ಎಲ್ಲಿಗೆ ಹೋಗಿದ್ದೆ?" ಎಂದು ಅಣ್ಣ ಕೇಳಿದ್ದಕ್ಕೆ "ಎಲ್ಲಿಗೂ ಇಲ್ಲ" ಎಂದರು. ಟ್ಯಾಕ್ಸಿಯಾಗಲಿ ಬಸ್ಸಾಗಲಿ ನಮ್ಮನ್ನು ಎಲ್ಲಿಗಾದರೂ ಕರೆದೊಯ್ಯಬಲ್ಲದು, ಎಲ್ಲಿಗೂ ಅಲ್ಲದ ಕಡೆಗೆ ಕರೆದೊಯ್ಯಲಾರದು.

ಈ ಪ್ರೀತಿಗೆ ತೆತ್ತ ಬೆಲೆಯನ್ನು ವೈದ್ಯನಾಗಿ ನಾನು ಮುಚ್ಚಿಡಲಾರೆ. ಬ್ರೈಟನ್ನಿನ ಆ ಸಂಭ್ರಮದ ಯಾತ್ರೆಗೆ ಮೂರು ತಿಂಗಳ ಮುಂಚೆ, 1896ರ ಆಗಸ್ಟ್ 17ರಂದು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಆವರಣದಲ್ಲಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಮಹಿಳೆ ಕಾರು ಬಡಿದು ಸತ್ತರು. ಈ ದೇಶದಲ್ಲಿ ಕಾರಿಗೆ ಬಲಿಯಾದ ಮೊದಲ ಪಾದಚಾರಿ ಆಕೆ. ಇಂದು ಜಗತ್ತಿನ ರಸ್ತೆಗಳಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ವರದಿ ಮಾಡಿತು. 2022ರಲ್ಲಿ ಬ್ರಿಟನ್ನಿನಲ್ಲಿ ಸತ್ತವರು ಸುಮಾರು 1,700, ಭಾರತದಲ್ಲಿ 1,68,491. ತುರ್ತು ಚಿಕಿತ್ಸಾ ವಿಭಾಗದಲ್ಲಿ ದುಡಿದವರಿಗೆ ಈ ಅಂಕಿಗಳೊಳಗಿನ ಮುಖಗಳು ಗೊತ್ತು. ಆದ್ದರಿಂದ ಪ್ರೀತಿಯಿದೆಯೆಂಬ ಕಾರಣಕ್ಕೆ ಓಡಿಸಲಾಗದವರ ಕೈಯಲ್ಲಿ ಕೀಲಿಕೈ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಕಸಿದುಕೊಳ್ಳುವವರಿಗೆ ತಾವು ಕಸಿಯುತ್ತಿರುವುದೇನೆಂದು ತಿಳಿದಿರಬೇಕು, ಅದಕ್ಕೆ ಬದಲಾಗಿ ಏನನ್ನಾದರೂ ಮೊದಲೇ ಸಿದ್ಧಮಾಡಿಟ್ಟಿರಬೇಕು ಎಂಬುದಷ್ಟೇ ನನ್ನ ವಾದ. ಇದನ್ನು ನಾನು ಕಲಿತದ್ದು ತಪ್ಪು ಮಾಡಿ.

ನಮ್ಮ ಕನ್ನಡ ಬಳಗದ ಹಿರಿಯರೊಬ್ಬರು, ಅವರೂ ವೈದ್ಯರೇ, 1970ರ ದಶಕದಲ್ಲಿ ಇಲ್ಲಿಗೆ ಬಂದವರು. ಅವರ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಮೊದಲ ಕೆಲಸಕ್ಕೆಂದು ಬಂದಿಳಿದ ನಮ್ಮಂಥ ಎಷ್ಟೋ ಮಂದಿಯನ್ನು ರೈಲು ನಿಲ್ದಾಣದಿಂದ ತಮ್ಮ ಕಾರಿನಲ್ಲಿ ಮನೆಗೆ ಕರೆದೊಯ್ದು ಬಿಸಿಬಿಸಿ ಸಾರನ್ನ ಹಾಕಿದವರು. ರೌಂಡಬೌಟಿನಲ್ಲಿ ಯಾವಾಗ ನುಗ್ಗಬೇಕು, ಯಾವಾಗ ಕಾಯಬೇಕು ಎಂದು ನನಗೆ ಕಲಿಸಿದವರು. ಮೂರು ವರ್ಷಗಳ ಹಿಂದೆ ಅದೇ ರೌಂಡಬೌಟಿನಲ್ಲಿ, ನಾನು ಪಕ್ಕದಲ್ಲಿ ಕುಳಿತಿದ್ದಾಗ, ಅವರು ಬಲಬದಿಯಿಂದ ಬರುತ್ತಿದ್ದ ಲಾರಿಯನ್ನು ಗಮನಿಸದೆ ನುಗ್ಗಿದರು. ಲಾರಿಯವನು ಬ್ರೇಕು ಹಾಕಿದ, ನಾವು ಬದುಕಿದೆವು. ಅವರ ಕಾರಿನ ಎಡಬದಿಯಲ್ಲಿ ಹೊಸ ಗೀರುಗಳನ್ನೂ ಕಂಡೆ. ರೋಗಿಯಾಗಿದ್ದರೆ ಆ ದಿನವೇ ಹೇಳುತ್ತಿದ್ದ ಮಾತನ್ನು ಅವರಿಗೆ ಹೇಳಲು ನಾನು ಎಂಟು ತಿಂಗಳು ತೆಗೆದುಕೊಂಡೆ. ಗೌರವವೆಂದು ನನಗೆ ನಾನೇ ಹೇಳಿಕೊಂಡೆ. ಅದು ಹೇಡಿತನ. ಆ ಎಂಟು ತಿಂಗಳಲ್ಲಿ ಶಾಲೆ ಬಿಡುವ ಹೊತ್ತಿಗೆ ಅವರು ಎಷ್ಟು ಸಲ ಆ ರಸ್ತೆಯಲ್ಲಿ ಹೋಗಿರಬಹುದೆಂದು ಈಗಲೂ ನನಗೆ ರಾತ್ರಿಯ ಹೊತ್ತು ನೆನಪಾಗುತ್ತದೆ.

ಕೊನೆಗೆ ಅವರ ಮಗಳು ಬ್ರಿಸ್ಟಲಿನಿಂದ ಫೋನು ಮಾಡಿ ಕೇಳಿಕೊಂಡ ಮೇಲೆ ಹೋದೆ. ಕೇಳಿಸಿಕೊಂಡು ನಕ್ಕರು. "ಏನಯ್ಯಾ, ನನ್ನನ್ನೂ ಪೇಷೆಂಟ್ ಮಾಡ್ಕೊಂಡುಬಿಟ್ಯಾ?" ಎಂದರು. ಅನಂತರ ತಾವಾಗಿಯೇ ಚಾಲನಾ ಸಾಮರ್ಥ್ಯ ಪರೀಕ್ಷಿಸುವ ಕೇಂದ್ರಕ್ಕೆ ಹೋಗಿಬಂದರು, ಫಲಿತಾಂಶ ಒಪ್ಪಿಕೊಂಡರು, ಲೈಸೆನ್ಸನ್ನು ಲಕೋಟೆಯಲ್ಲಿಟ್ಟು ಸ್ವಾನ್ಸಿಯ ಕಚೇರಿಗೆ ಕಳಿಸಿದರು.

ಅಲ್ಲಿಗೆ ನನ್ನ ಕರ್ತವ್ಯ ಮುಗಿಯಿತೆಂದು ತಿಳಿದದ್ದು ಎರಡನೆಯ ತಪ್ಪು. ಆ ವರ್ಷದ ರಾಜ್ಯೋತ್ಸವಕ್ಕೆ ಅವರು ಬರಲಿಲ್ಲ. ಯುಗಾದಿಗೂ ಇಲ್ಲ. "ವಯಸ್ಸಾಯಿತು ಪಾಪ" ಎಂದು ನಾವು ಮಾತಾಡಿಕೊಂಡೆವು. ವಯಸ್ಸಲ್ಲ, ಅವರನ್ನು ಕರೆತರಲು ಯಾರೂ ಹೋಗಿರಲಿಲ್ಲ. "ಬೇಕಾದರೆ ಹೇಳಿ ಸರ್" ಎಂದು ನಾವು ಹತ್ತು ಮಂದಿ ಹೇಳಿದ್ದೆವು, ನಿಜ. ಐವತ್ತು ವರ್ಷ ಇತರರನ್ನು ಕರೆದೊಯ್ದವರು ಬಾಯಿಬಿಟ್ಟು ಕೇಳುತ್ತಾರೆಯೆ? ಅವರ ಹಳ್ಳಿಗೆ ಭಾನುವಾರ ಬಸ್ಸೇ ಇಲ್ಲ. ಹಿರಿಯರಿಗೆ ಸರ್ಕಾರ ಕೊಡುವ ಉಚಿತ ಪಾಸು ಬಸ್ಸಿಲ್ಲದ ಊರಿನಲ್ಲಿ ಪರ್ಸಿನ ಅಲಂಕಾರ ಮಾತ್ರ. "ಊಬರ್ ಇದೆಯಲ್ಲ" ಎನ್ನುವ ಲಂಡನ್ನಿನ ಕಿರಿಯ ಮಿತ್ರರು ಒಮ್ಮೆ ನಮ್ಮ ಕಣಿವೆಗೆ ಬಂದು ಅದನ್ನು ಕರೆದು ನೋಡಲಿ.

ಆದ್ದರಿಂದ ಬಳಗದ ಕಾರ್ಯಕಾರಿ ಸಮಿತಿಯ ಮುಂದೆ ನಾನೊಂದು ಸಲಹೆ ಇಟ್ಟಿದ್ದೇನೆ. ಪ್ರತಿ ಸಮಾರಂಭಕ್ಕೂ ಹಿರಿಯರನ್ನು ಕರೆತರುವ ಸರದಿ ಪಟ್ಟಿಯೊಂದಿರಲಿ, ಅಡುಗೆಯ ಪಟ್ಟಿ ಇರುವ ಹಾಗೆಯೇ. ಅವರು ಕೇಳಲಿ ಎಂದು ಕಾಯದೆ "ಸರ್, ಮೂರು ಗಂಟೆಗೆ ಬರುತ್ತೇನೆ" ಎಂದು ನಾವೇ ಹೇಳೋಣ. ಸಮಾರಂಭಕ್ಕಷ್ಟೇ ಅಲ್ಲ, ತಿಂಗಳಿಗೊಮ್ಮೆ ಯಾವ ಕೆಲಸವೂ ಇಲ್ಲದ ಒಂದು ಸುತ್ತಾಟಕ್ಕೂ. ಇನ್ನೊಂದು ಮಾತು ಮನೆಮಂದಿಗೆ. ಇಲ್ಲಿ 70 ವರ್ಷಕ್ಕೆ ಲೈಸೆನ್ಸು ನವೀಕರಿಸಬೇಕು, ಆಮೇಲೆ ಮೂರು ವರ್ಷಕ್ಕೊಮ್ಮೆ. ತಾನು ಸ್ವಸ್ಥನೆಂದು ಅರ್ಜಿದಾರರೇ ಘೋಷಿಸುವುದರಿಂದ ಆ ಅರ್ಜಿಯನ್ನು ತುಂಬುವುದು ಐದು ನಿಮಿಷದ ಕೆಲಸ. ಅದನ್ನು ಒಂದು ಸಂಜೆಯ ಮಾತುಕತೆಯಾಗಿಸಿ. 20 ಮೀಟರ್ ದೂರದ ನಂಬರ್ ಪ್ಲೇಟನ್ನು ಓದಬಲ್ಲಿರಾ ಎಂದು ಅಪ್ಪ ಅಮ್ಮಂದಿರನ್ನು ಅಂಗಳದಲ್ಲಿ ನಿಲ್ಲಿಸಿ ಕೇಳಿ, ನೀವೂ ಓದಿ ತೋರಿಸಿ. ನಮ್ಮ ವೈದ್ಯಮಿತ್ರರು ನಾನು ಮಾಡಿದಂತೆ ಎಂಟು ತಿಂಗಳು ಕಾಯದಿರಲಿ.

ಕಳೆದ ಶನಿವಾರ ಆ ಹಿರಿಯರನ್ನು ನನ್ನ ವಿದ್ಯುತ್ ಕಾರಿನಲ್ಲಿ ಗುಡ್ಡದ ಮೇಲಿನ ರಸ್ತೆಗೆ ಕರೆದೊಯ್ದೆ. ಎಡಗಡೆಯ ಆಸನದಲ್ಲಿ ಕುಳಿತ ಅವರ ಬಲಗಾಲು ಪ್ರತಿ ತಿರುವಿನಲ್ಲೂ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಏರು ಬಂದಾಗ "ಗೇರು ಇಳಿಸಯ್ಯಾ" ಎಂದರು.

"ಇದರಲ್ಲಿ ಗೇರೇ ಇಲ್ಲ ಸರ್" ಎಂದೆ.

"ಗೇರಿಲ್ಲದ ಕಾರೇನು ಕಾರಯ್ಯಾ" ಎಂದು ಕಿಟಕಿಯ ಗಾಜು ಇಳಿಸಿ ಮೊಣಕೈಯನ್ನು ಹೊರಗಿಟ್ಟು ಕುಳಿತರು. ಅಲ್ಲಿಂದ ಮುಂದೆ ದಾರಿಯುದ್ದಕ್ಕೂ, ಎಲ್ಲಿ ನಿಧಾನ ಮಾಡಬೇಕು, ಎಲ್ಲಿ ಬಿಡಬಹುದು ಎಂದು ಅವರು ಹೇಳುತ್ತಾ ಹೋದರು, ನಾನು ಹಾಗೆಯೇ ಓಡಿಸಿದೆ.